ಗೊಂಬೆಯ ಜೊತೆಗೆ ಊಟ ಉಚಿತ

ನಮ್ಮ ಮನೆಯ ಷೋಕೇಸಿನಲ್ಲಿ ಮೊದಲು ಇದ್ದದ್ದು ಮೂರೇ ಮೂರು ವಸ್ತು. ಒಂದು ಯಕ್ಷಗಾನದ ಗೊಂಬೆ, ಒಂದು ಹಿತ್ತಾಳೆಯ ಆನೆ, ಮತ್ತೆ ಮಹಿಳಾ ಮಂಡಲದ ಭಾಷಣ ಸ್ಪರ್ಧೆಯಲ್ಲಿ ನನಗೆ ಸಿಕ್ಕಿದ ಸ್ಟೀಲು ಲೋಟ. ಈಗ ಅವುಗಳ ಮುಂದೆ ಹನ್ನೊಂದು ಪ್ಲಾಸ್ಟಿಕ್ ಗೊಂಬೆಗಳು ಸಾಲಾಗಿ ನಿಂತಿವೆ. ಒಂದಕ್ಕೆ ಚಕ್ರವಿಲ್ಲ, ಇನ್ನೊಂದಕ್ಕೆ ಕೈಯಿಲ್ಲ. ಒಂದೊಂದೂ ಒಂದೊಂದು ಊಟದ ಲೆಕ್ಕ. ಧೂಳು ಒರೆಸುವವಳು ನಾನೇ ಆದ್ದರಿಂದ ಎಣಿಕೆಯಲ್ಲಿ ತಪ್ಪಿಲ್ಲ.

ಶನಿವಾರ ಸಂಜೆ ಮಗಳು, ಅಳಿಯ, ಏಳು ವರ್ಷದ ಮೊಮ್ಮಗ ಪೇಟೆಗೆ ಹೊರಟರೆ ನನ್ನನ್ನೂ ಕಾರಿಗೆ ಹತ್ತಿಸುತ್ತಾರೆ. ಮಾಲಿನ ಮೇಲಿನ ಮಹಡಿಯ ಆ ಅಂಗಡಿಯ ಹೆಸರು ಬೇಡ. ಎಲ್ಲ ಅಂಗಡಿಗಳದ್ದೂ ಒಂದೇ ಕತೆ. ಬಣ್ಣದ ರಟ್ಟಿನ ಪೆಟ್ಟಿಗೆ ಬಂತು. ಹುಡುಗ ಮೊದಲು ತೆಗೆದದ್ದು ಗೊಂಬೆಯನ್ನು. ಬನ್ನಿಗೆ ಎರಡು ಸಲ ಬಾಯಿ ಹಾಕಿ ಪಕ್ಕಕ್ಕಿಟ್ಟ, ಉಳಿದದ್ದನ್ನು ಅಳಿಯ ಮೌನವಾಗಿ ತಿಂದು ಮುಗಿಸಿದರು.

“ಹೇಗುಂಟು ಪುಟ್ಟಾ?” ಎಂದು ಕೇಳಿದೆ.

“ಅಜ್ಜೀ, ಇನ್ನೂ ಐದು ಉಂಟು” ಎಂದ.

ನಾನು ತಿಂಡಿಯ ವಿಷಯ ಕೇಳಿದ್ದೆ. ಅವನು ಪೆಟ್ಟಿಗೆಯ ಮೇಲಿನ ಚಿತ್ರ ತೋರಿಸುತ್ತಿದ್ದ. ಆರು ಗೊಂಬೆಗಳ ಒಂದು ಸೆಟ್ಟು. ಆರು ಸೇರಬೇಕಾದರೆ ಆರು ಊಟ ಆಗಬೇಕು, ಅದೂ ಹೊಸ ಸಿನಿಮಾ ಬಂದು ಗೊಂಬೆ ಬದಲಾಗುವ ಮೊದಲು. ಅಮೆರಿಕದಲ್ಲಿ ಮೆಕ್‌ಡೊನಾಲ್ಡ್ಸ್ ಕಂಪೆನಿ 1979ರಲ್ಲಿ ಹ್ಯಾಪಿ ಮೀಲ್ ಎಂಬ ಈ ಪೆಟ್ಟಿಗೆಯನ್ನು ಶುರು ಮಾಡಿದಾಗ ಊಟದ ಜೊತೆಗೆ ಗೊಂಬೆ ಉಚಿತ ಎಂದು ಜನ ತಿಳಿದಿರಬಹುದು. ಮಕ್ಕಳ ಲೆಕ್ಕ ಅದರ ತಿರುವುಮುರುವು. ಗೊಂಬೆಯ ಜೊತೆಗೆ ಊಟ ಉಚಿತ, ತಿನ್ನದಿದ್ದರೂ ಅಡ್ಡಿಯಿಲ್ಲ.

ಈ ಜಾಹೀರಾತುಗಳಲ್ಲಿ ಎಂಥದ್ದಿದೆ ನೋಡೋಣವೆಂದು ಒಂದು ಸಂಜೆ ಟಿ.ವಿ.ಯ ಮುಂದೆ ಪೆನ್ನು ಪುಸ್ತಕ ಹಿಡಿದು ಕುಳಿತೆ. “ಪರೀಕ್ಷೆಯಾ?” ಎಂದು ನಮ್ಮವರು ನಕ್ಕರು. ಒಂದು ವಿಷಯ ಬೇಗ ತಿಳಿಯಿತು: ಅಲ್ಲಿ ಯಾರೂ ತಟ್ಟೆ ತೊಳೆಯುವುದಿಲ್ಲ. ಅಡುಗೆಮನೆಯಲ್ಲಿ ಒಂದು ಒದ್ದೆ ಬಟ್ಟೆಯಿಲ್ಲ, ಮಸಿ ಹಿಡಿದ ಬಾಣಲೆಯಿಲ್ಲ. ಅಮ್ಮನಿಗೆ ಆಯಾಸವಿಲ್ಲ. ಅಪ್ಪ ಹಗಲು ಹೊತ್ತಿನಲ್ಲೇ ಮನೆಯಲ್ಲಿದ್ದಾನೆ! ಅಜ್ಜಿಯೆಂಬವಳು ಬಂದರೆ ಮೊದಲು ಮೂಗು ಮುರಿದು, ಆಮೇಲೆ ಒಂದು ತುಂಡು ಬಾಯಿಗಿಟ್ಟು ಕಣ್ಣರಳಿಸಲಿಕ್ಕೆ ಮಾತ್ರ. ಮಾತೆಲ್ಲ ಹಿಂದಿಯಿಂದ ಕನ್ನಡಕ್ಕಿಳಿಸಿದ್ದು, ಆದ್ದರಿಂದ ತುಟಿ ಒಂದು ಹೇಳಿದರೆ ಕಿವಿಗೆ ಬೀಳುವುದು ಇನ್ನೊಂದು.

ಆದರೆ ಮಕ್ಕಳನ್ನು ಎಳೆಯುವುದು ಇದಾವುದೂ ಅಲ್ಲ. ಮೂರನೆಯ ಸಲ ನೋಡುವಾಗ ನನಗೆ ಹೊಳೆಯಿತು. ಆ ಮೂವತ್ತು ಸೆಕೆಂಡಿನಲ್ಲಿ ಮಗು ಗೆಲ್ಲುತ್ತದೆ. ಮೇಷ್ಟ್ರು ಪೆದ್ದ, ಅಪ್ಪ ಪೆದ್ದ, ಹುಡುಗನೊಬ್ಬನೇ ಜಾಣ. ಅವನು ಇನ್ನೊಬ್ಬ ಹುಡುಗನಿಗೆ ಕಣ್ಣು ಮಿಟುಕಿಸುತ್ತಾನೆ, ದೊಡ್ಡವರು ಬೆಪ್ಪಾಗಿ ನಿಲ್ಲುತ್ತಾರೆ. ನಿಜ ಜೀವನದಲ್ಲಿ ನಮ್ಮ ಮಕ್ಕಳು ಬೆಳಗಾದರೆ ಸೋಲುವವರೇ ಅಲ್ಲವೇ? ಹಲ್ಲುಜ್ಜು, ಯೂನಿಫಾರ್ಮ್ ಹಾಕು, ಹೋಮ್‌ವರ್ಕ್ ತೋರಿಸು, ಮೊಬೈಲು ಇಡು. ದಿನವಿಡೀ ಸೋತವನಿಗೆ ಗೆಲುವಿನ ರುಚಿ ತೋರಿಸಿ, ಆ ರುಚಿ ಈ ಪೊಟ್ಟಣದ್ದು ಎಂದು ನಂಬಿಸುವುದಿದೆಯಲ್ಲ, ಅದು ಸಣ್ಣ ಬುದ್ಧಿವಂತಿಕೆಯಲ್ಲ. ಎಂಟು ವರ್ಷದೊಳಗಿನ ಮಕ್ಕಳಿಗೆ ಜಾಹೀರಾತು ತಮ್ಮನ್ನು ಒಲಿಸಿಕೊಳ್ಳಲಿಕ್ಕೆ ಮಾಡಿದ್ದು ಎಂಬುದೇ ಅರ್ಥವಾಗುವುದಿಲ್ಲವೆಂದು ಅಮೆರಿಕದ ಮನೋವಿಜ್ಞಾನಿಗಳ ಸಂಘದ ಕಾರ್ಯತಂಡ 2004ರಲ್ಲೇ ವರದಿ ಕೊಟ್ಟಿತ್ತು. ನಮ್ಮ ಪುಟ್ಟನಿಗೆ ಅದೂ ಒಂದು ಕತೆ, ಹನುಮಂತ ಲಂಕೆ ಸುಟ್ಟದ್ದೂ ಒಂದು ಕತೆ.

ಹನುಮಂತನೆಂದಾಗ ನೆನಪಾಯಿತು. ನಮ್ಮ ಮನೆಗೆ ಟಿ.ವಿ. ಬಂದದ್ದು 1987ರಲ್ಲಿ, ಭಾನುವಾರದ ರಾಮಾಯಣಕ್ಕಾಗಿ. ಮ್ಯಾಗಿ ನೂಡಲ್ಸ್ ಭಾರತಕ್ಕೆ ಬಂದು ಆಗಲೇ ನಾಲ್ಕು ವರ್ಷವಾಗಿತ್ತು. ಹಸಿದು ಬಂದ ಮಕ್ಕಳು, ಎರಡೇ ನಿಮಿಷ ಎನ್ನುವ ನಗುಮುಖದ ತಾಯಿ. ನಾಲ್ಕು ವರ್ಷದ ನನ್ನ ಮಗಳಿಗೆ ವರ್ಣಮಾಲೆ ಬರುವ ಮೊದಲು ಆ ಹಿಂದಿ ಮಾತು ಬಾಯಿಗೆ ಬಂತು. ನಾನಾಗ ಬ್ಯಾಂಕಿನಲ್ಲಿ ಗುಮಾಸ್ತೆ. ಹಂಪನಕಟ್ಟೆಯಲ್ಲಿ ಬಸ್ಸಿಗೆ ಕಾದು ನೇತಾಡಿಕೊಂಡು ಮನೆ ಸೇರುವಾಗ ಆರು ಗಂಟೆ. ಸೀಮೆಎಣ್ಣೆ ಸ್ಟೌವಿನಲ್ಲಿ ನೀರು ಕುದಿಯಲಿಕ್ಕೇ ಐದು ನಿಮಿಷ ಬೇಕಿತ್ತು, ಅದು ಬೇರೆ ಮಾತು. ಆದರೂ ಪತ್ರೊಡೆಗೆ ಅಕ್ಕಿ ಕಡೆಯುವುದರ ಮುಂದೆ ಆ ಐದು ನಿಮಿಷ ಸ್ವರ್ಗ. ಸುಳ್ಳೇಕೆ ಹೇಳಲಿ, ನನ್ನ ಆಯಾಸ ನನ್ನ ಗಂಡನಿಗಿಂತ ಮೊದಲು ಆ ಜಾಹೀರಾತು ಬರೆದವನಿಗೆ ತಿಳಿದಿತ್ತು. ಅವನು ಮಗುವಿಗೆ ಹಠ ಕಲಿಸಿದ, ನನಗೆ ನೆಪ ಕೊಟ್ಟ. ಇಬ್ಬರನ್ನೂ ಒಂದೇ ಕಲ್ಲಿನಲ್ಲಿ ಹೊಡೆದ.

ಅದಕ್ಕೇ ಈಗಿನ ತಾಯಂದಿರಿಗೆ ಉಪದೇಶ ಮಾಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. “ನಮ್ಮ ಕಾಲದಲ್ಲಿ ಇಂಥದ್ದೆಲ್ಲ ಇರಲಿಲ್ಲ” ಎಂದು ಭಾಷಣ ಬಿಗಿದವರೊಬ್ಬರು ಸಭೆ ಮುಗಿದ ಮೇಲೆ ಗೋಳಿಬಜೆಯ ಮೂರನೆಯ ತಟ್ಟೆಗೆ ಕೈ ಚಾಚಿದ್ದನ್ನು ನಾನೇ ಕಂಡಿದ್ದೇನೆ. ಗೋಳಿಬಜೆ ಮಾತ್ರ ಏನು, ಮೈದಾ ಎಣ್ಣೆಗೆ ಬಿದ್ದದ್ದೇ. ನಮ್ಮ ಬನ್ಸೂ ಹಾಗೆಯೇ, ಬಾಳೆಹಣ್ಣು ಸೇರಿದ ಮಾತ್ರಕ್ಕೆ ಪುಣ್ಯವಸ್ತುವಾಗುವುದಿಲ್ಲ. ವ್ಯತ್ಯಾಸ ಇಷ್ಟೆ: ಗೋಳಿಬಜೆಗೆ ಒಬ್ಬ ಯಜಮಾನನಿಲ್ಲ. ಅದರ ಪರವಾಗಿ ಕಾರ್ಟೂನು ಕುಣಿಸಿ, ಸಿನಿಮಾ ನಟನಿಗೆ ಕೋಟಿ ಕೊಟ್ಟು, ನನ್ನ ಮೊಮ್ಮಗ ಹೋಮ್‌ವರ್ಕ್ ಮಾಡುವಲ್ಲಿಗೆ ಬಂದು ಕರೆಯುವವರು ಯಾರೂ ಇಲ್ಲ. ಹೋಟೆಲಿನ ಬಾಗಿಲು ದಾಟುವಾಗ ಪರಿಮಳ ಬಂದರೆ ಉಂಟು, ಇಲ್ಲದಿದ್ದರೆ ಮರೆತೇಹೋಗುತ್ತದೆ.

ನಮ್ಮ ರಾಜ್ಯದಲ್ಲಿ ಈ ತಿಂಡಿಗಳ ಬಗ್ಗೆ ಗಲಾಟೆ ಆಗಲಿಲ್ಲವೆಂದಲ್ಲ. 1995ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಕೆಂಟಕಿ ಫ್ರೈಡ್ ಚಿಕನ್ ತೆರೆದಾಗ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ರೈತ ಸಂಘ ಎದುರು ನಿಂತಿತು. ನಗರಪಾಲಿಕೆ ಪರವಾನಿಗೆ ರದ್ದು ಮಾಡಿತು, ವಿಷಯ ಹೈಕೋರ್ಟಿಗೆ ಹೋಯಿತು, 1996ರ ಜನವರಿಯಲ್ಲಿ ಅಂಗಡಿಯ ಮೇಲೆ ದಾಳಿಯೂ ಆಯಿತು. ಮಧ್ಯಾಹ್ನ ಬಿಡುವಿನಲ್ಲಿ ನಾವು ಬ್ಯಾಂಕಿನ ಹೆಂಗಸರು ‘ಉದಯವಾಣಿ’ ಬಿಡಿಸಿಕೊಂಡು ಅದನ್ನೇ ಚರ್ಚಿಸುತ್ತಿದ್ದೆವು. ರೈತರ ಮಾತು ಬಂತು, ಅಜಿನೊಮೊಟೊದ ಮಾತು ಬಂತು, ವಿದೇಶಿ ಕಂಪೆನಿಯ ಮಾತು ಬಂತು. ಮಕ್ಕಳನ್ನು ಹೇಗೆ ಕರೆಯುತ್ತಾರೆ ಎಂಬ ಮಾತು ನಮ್ಮ ಮೇಜಿನಲ್ಲಂತೂ ಬರಲೇ ಇಲ್ಲ.

2015ರ ಜೂನ್‌ನಲ್ಲೂ ಹೀಗೆಯೇ. ಸೀಸದ ಅಂಶ ಹೆಚ್ಚಿದೆಯೆಂದು ಆಹಾರ ಸುರಕ್ಷತಾ ಪ್ರಾಧಿಕಾರ ಮ್ಯಾಗಿಯನ್ನು ವಾಪಸು ತೆಗೆಯಲು ಹೇಳಿತು. ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟ್ ಆ ಆದೇಶವನ್ನು ರದ್ದು ಮಾಡಿ ಹೊಸದಾಗಿ ಪರೀಕ್ಷೆ ಮಾಡಿಸಿತು, ನಮ್ಮ ನಂಜನಗೂಡಿನ ಕಾರ್ಖಾನೆಯಲ್ಲಿ ಪುನಃ ತಯಾರಿ ಶುರುವಾಯಿತು, ನವೆಂಬರಿನಲ್ಲಿ ಪೊಟ್ಟಣ ಅಂಗಡಿಗೆ ಬಂತು. ಆ ಐದು ತಿಂಗಳು ನಮ್ಮ ಬೀದಿಯ ಮಕ್ಕಳು ದುಬೈಗೆ ಹೋದ ಮಾವನನ್ನು ಕಾಯುವ ಹಾಗೆ ಕಾದವು. ಒಂದು ತಿಂಡಿಯನ್ನು ನೆಂಟನನ್ನಾಗಿ ಮಾಡಿದ್ದು ಯಾರು, ಹೇಗೆ ಎಂದು ಯಾವ ಪ್ರಯೋಗಾಲಯ ತಾನೇ ಪರೀಕ್ಷೆ ಮಾಡೀತು?

ಈಗ ಕಾನೂನುಗಳಿವೆ. ಶಾಲೆಯ ಆವರಣದಲ್ಲೂ ಸುತ್ತಲಿನ ಐವತ್ತು ಮೀಟರಿನೊಳಗೂ ಹೆಚ್ಚು ಕೊಬ್ಬು, ಉಪ್ಪು, ಸಕ್ಕರೆಯ ತಿಂಡಿಗಳ ಮಾರಾಟ, ಜಾಹೀರಾತು ಕೂಡದೆಂದು 2020ರ ನಿಯಮ ಹೇಳುತ್ತದೆ. ಮಕ್ಕಳ ಕಾರ್ಯಕ್ರಮ, ಮಕ್ಕಳ ಚಾನೆಲುಗಳಲ್ಲಿ ಜಂಕ್ ಫುಡ್ಡಿನ ಜಾಹೀರಾತು ಕೂಡದೆಂದು 2022ರ ಜೂನ್‌ನ ಮಾರ್ಗಸೂಚಿ ಹೇಳುತ್ತದೆ. ಒಳ್ಳೆಯದೇ. ಆದರೆ ಪುಟ್ಟ ನೋಡುವುದು ಕ್ರಿಕೆಟ್, ಅಜ್ಜನ ಮಡಿಲಲ್ಲಿ ಕುಳಿತು. ಕ್ರಿಕೆಟ್ ಮಕ್ಕಳ ಕಾರ್ಯಕ್ರಮವೇ? ಓವರು ಮುಗಿದಾಗಲೆಲ್ಲ ಚಿಪ್ಸು, ಕೋಲಾ. ಮೊಬೈಲಿನಲ್ಲಿಯಂತೂ ಯಾರದೋ ಮಗು ಅದೇ ರಟ್ಟಿನ ಪೆಟ್ಟಿಗೆ ಬಿಚ್ಚಿ ಗೊಂಬೆ ತೆಗೆಯುವುದೇ ಒಂದು ಕಾರ್ಯಕ್ರಮ. ಮೊದಲು ಜಾಹೀರಾತು ರಾಮಾಯಣದ ಮುಂಚೆ ಬಂದು ಹೋಗುತ್ತಿತ್ತು, ಈಗ ಅದೇ ರಾಮಾಯಣ. ಸ್ಯಾನ್‌ಫ್ರಾನ್ಸಿಸ್ಕೊ ನಗರದವರು 2010ರಲ್ಲಿ ಇಂಥ ಊಟದ ಜೊತೆ ಪುಕ್ಕಟೆ ಗೊಂಬೆ ಕೊಡಬಾರದೆಂದು ಕಾನೂನು ಮಾಡಿದರು. ಕಂಪೆನಿ ಏನು ಮಾಡಿತು ಗೊತ್ತೇ? ಗೊಂಬೆಗೆ ಹತ್ತು ಸೆಂಟ್ ಬೆಲೆ ಇಟ್ಟಿತು! ಚಿಲಿ ದೇಶದವರು 2016ರಲ್ಲಿ ಗೊಂಬೆಯನ್ನೂ ಪೊಟ್ಟಣದ ಮೇಲಿನ ಕಾರ್ಟೂನನ್ನೂ ನೇರವಾಗಿ ನಿಷೇಧಿಸಿದರು. ಕಳ್ಳ ಬರುವ ದಾರಿ ಅವರಿಗೆ ಸರಿಯಾಗಿ ತಿಳಿದಿತ್ತು ಎನ್ನಬೇಕು.

ನಾನು ಇದನ್ನೆಲ್ಲ ಬರೆಯಲಿಕ್ಕೆ ಕಾರಣ ನಮ್ಮ ಪುಟ್ಟನಲ್ಲ. ಅವನಿಗೆ ಬನ್ನು ಬಿಟ್ಟರೆ ಮನೆಯಲ್ಲಿ ನೀರುದೋಸೆ ಉಂಟು, ಹೊಟ್ಟೆಗೆ ಮೋಸವಿಲ್ಲ. ನಮ್ಮಲ್ಲಿ ಕೆಲಸಕ್ಕೆ ಬರುವಾಕೆ ಮಧ್ಯಾಹ್ನದ ಮೇಲೆ ಬೀಡಿ ಕಟ್ಟುತ್ತಾಳೆ. ಅವಳ ಮಗಳು ನಾಲ್ಕನೆಯ ಕ್ಲಾಸು. ಅದೇ ಟಿ.ವಿ., ಅದೇ ಜಾಹೀರಾತು ಅಲ್ಲಿಯೂ ಉಂಟಲ್ಲ. ತಾಯಿಯ ಕೈಯಲ್ಲಿ ದುಡ್ಡಿದೆಯೋ ಇಲ್ಲವೋ ಎಂದು ಕೇಳಿ ಅದು ಬರುವುದಿಲ್ಲ. ಹುಟ್ಟುಹಬ್ಬಕ್ಕೆ ಮಗಳನ್ನು ಬಸ್ಸಿನಲ್ಲಿ ಕರೆದುಕೊಂಡು ಹೋದಳಂತೆ.

“ಗೊಂಬೆ ಮಾತ್ರ ಕೊಡ್ತೀರಾ ಅಂತ ಕೇಳಿದೆ ಅಕ್ಕಾ. ಇಲ್ಲ ಅಂದ್ರು. ಮತ್ತೆ ಎಂತ ಮಾಡುದು, ಪೂರ್ತಿ ತೆಗೊಂಡೆ. ಸಾವಿರ ಬೀಡಿ ಕಟ್ಟಿದ ದುಡ್ಡು ಹೋಯ್ತು.”

“ಅವಳು ತಿಂದಳಾ?”

“ಒಂದು ಚೂರು ಬಿಡ್ಲಿಲ್ಲ. ತಿಂದಾದ ಮೇಲೆ, ಟಿ.ವಿ.ಯಲ್ಲಿ ಇದ್ದ ಹಾಗೆ ಇಲ್ಲ ಅಮ್ಮ ಅಂತ ಹೇಳಿದ್ಳು.”

ನಗುತ್ತಲೇ ಹೇಳಿದಳು. ಮೂಲೆಯಲ್ಲಿದ್ದ ಪೊರಕೆ ತೆಗೆದುಕೊಂಡು ಹಿತ್ತಿಲಿಗೆ ಹೋದಳು. ಸಾವಿರ ಬೀಡಿಯೆಂದರೆ ಎಷ್ಟು ಹೊತ್ತಿನ ಕೆಲಸವೆಂದು ಈ ಊರಿನ ಹೆಂಗಸರಿಗೆ ನಾನು ಹೇಳಬೇಕಾಗಿಲ್ಲ.

ನಮ್ಮ ಷೋಕೇಸಿನಲ್ಲಿ ಒಂದೇ ತರಹದ ಗೊಂಬೆ ಎರಡಿದ್ದವು. ಒಂದನ್ನು ಆ ಹುಡುಗಿಗೆ ಕೊಡುವ ಎಂದು ಪುಟ್ಟನನ್ನು ಕೇಳಿದೆ. ಅವನು ಜಿಪುಣನಲ್ಲ, ಆದರೂ ಸ್ವಲ್ಪ ಯೋಚಿಸಿದ.

“ಅವಳ ಹತ್ತಿರ ಎಷ್ಟು ಉಂಟು ಅಜ್ಜೀ?”

“ಒಂದು.”

“ಅಯ್ಯೋ” ಎಂದ. ನಿಜವಾಗಿಯೂ ಪಾಪ ಎನಿಸಿತ್ತು ಅವನಿಗೆ. “ಇದು ಕೊಟ್ರೂ ಎರಡೇ ಆಯ್ತು. ಅವಳಮ್ಮನಿಗೆ ಹೇಳು, ಇನ್ನು ನಾಲ್ಕು ಸಲ ಹೋಗ್ಲಿಕ್ಕೆ ಉಂಟು ಅಂತ.”