ಬೆಜ್ಜಮಹಾದೇವಿಯ ಕಥೆಯೂ ಸ್ತನ್ಯವಿಚಾರವೂ

ಪಾಲ್ಕುರಿಕೆ ಸೋಮನಾಥನು ತೆಲುಗಿನಲ್ಲಿ ದ್ವಿಪದಿಯಾಗಿ ರಚಿಸಿದ ಬಸವಪುರಾಣವನ್ನು ಭೀಮಕವಿಯು ಕ್ರಿ. ಶ. ೧೩೬೯ರಲ್ಲಿ ಕನ್ನಡ ಷಟ್ಪದಿಗೆ ತಂದನೆಂಬುದು ವಾಚಕರಿಗೆ ವಿದಿತವಾದ ವಿಷಯ. ಆ ಪುರಾಣದ ನಾಯಕನು ಬಿಜ್ಜಳನ ಮಂತ್ರಿಯಾಗಿದ್ದ ಕಲ್ಯಾಣವು ಈಗಿನ ಬೀದರ ಜಿಲ್ಲೆಯಲ್ಲಿದೆ. ಬೀದರ ನಗರದೊಳಗೆ ಸೇರಿಹೋಗಿರುವ ಮೈಲೂರ, ಅಲ್ಲಿಂದಾಚೆಯ ಭಾಲ್ಕಿ, ಔರಾದ ಈ ಸೀಮೆಯಲ್ಲಿ ಕನ್ನಡದ ಮಗ್ಗುಲಲ್ಲಿಯೇ ತೆಲುಗು, ಮರಾಠಿ, ಉರ್ದು ಭಾಷೆಗಳು ನಡೆಯುತ್ತಿರುವುವು. (ಮೈಲೂರವನ್ನು ಭಾಲ್ಕಿ ತಾಲ್ಲೂಕಿನ ಖಾನಾಪುರದಲ್ಲಿರುವ ಮೈಲಾರ ಮಲ್ಲಣ್ಣನ ಕ್ಷೇತ್ರದೊಡನೆ ಬೆರಸಬಾರದು, ಹೆಸರುಗಳ ಸಾದೃಶ್ಯದಿಂದ ಅಂತಹ ಭ್ರಮೆಗೆ ಎಡೆಯುಂಟು.) ಎರಡು ನುಡಿಗಳಲ್ಲಿ ಹರಿದ ಪುರಾಣಕ್ಕೆ ಇಂತಹ ಗಡಿನಾಡು ಸಹಜವಾದ ನೆಲೆ. ಅದರಲ್ಲಿ ಬರುವ ಭಕ್ತರ ಕಥೆಗಳಲ್ಲಿ ಬೆಜ್ಜಮಹಾದೇವಿಯದೊಂದು. ಇದನ್ನು ಓದುವವರು ಭಕ್ತಿಯ ಅತಿಶಯವನ್ನು ಕಂಡು ತೃಪ್ತರಾಗಿ ಮುಂದಿನ ಕಥೆಗೆ ಹೋಗುವುದೇ ರೂಢಿ. ಅದರ ಗರ್ಭದಲ್ಲಿರುವ ಇನ್ನೊಂದು ಸಂಗತಿಯು ಇದುವರೆಗೆ ಸಾಕಷ್ಟು ವಿಚಾರಕ್ಕೆ ಒಳಪಟ್ಟಿಲ್ಲ.

ಕಥೆ ಚಿಕ್ಕದು. ಶಿವನಿಗೆ ತಾಯಿಯಿಲ್ಲ, ಇದ್ದಿದ್ದರೆ ಆಕೆ ಮಗನನ್ನು ವಿಷ ಕುಡಿಯಗೊಡುತ್ತಿದ್ದಳೆ, ತೊಗಲುಡಿಸಿ ಬೂದಿ ಬಳಿದು ತಿರಿಯಲು ಬಿಡುತ್ತಿದ್ದಳೆ ಎಂದು ಮರುಗಿ ಬೆಜ್ಜಮಹಾದೇವಿಯು ತಾನೇ ಆತನಿಗೆ ತಾಯಿಯಾಗುವಳು. ಎಣ್ಣೆಯೊತ್ತಿ ನೀರೆರೆದು ಹಾಲೂಡಿ ಮಲಗಿಸುವಳು. ಹೀಗಿರಲು ಆಕೆಯ ಭಾವವನ್ನು ಪರೀಕ್ಷಿಸಬೇಕೆಂದು ಶಿವನು ಬಾಯಿ ಗಂಟಲುಗಳ ಬೇನೆಯೊಂದನ್ನು ತಂದುಕೊಂಡು ಹಾಲನ್ನು ಒಲ್ಲನು. ಏನು ಮಾಡಿದರೂ ಕುಡಿಯನು. ಆಕೆ ಗೋಳಿಟ್ಟು ಕೊನೆಗೆ ಪ್ರಾಣವನ್ನೇ ನೀಗಲು ಸಿದ್ಧಳಾಗುವಳು. ಆಗ ಶಿವನು ಪ್ರತ್ಯಕ್ಷನಾಗುವನು; ಆಕೆಗೆ ಅಮ್ಮವ್ವೆಯೆಂಬ ಹೆಸರು ಬರುವುದು. ಹೆರದವಳಿಗೆ ಹಾಲೆಲ್ಲಿಯದು ಎಂಬ ಪ್ರಶ್ನೆಯು ಪುರಾಣದಲ್ಲಿ ಏಳದು, ಏಳಬೇಕಾಗಿಯೂ ಇಲ್ಲ.

ಈ ಕಥೆಯ ವಿಶೇಷವು ತಿಳಿಯಬೇಕಾದರೆ ನಮ್ಮ ಕಾವ್ಯಗಳಲ್ಲಿ ಸ್ತನ್ಯವು ಬರುವ ಇತರ ಸ್ಥಳಗಳನ್ನು ನೆನೆಯಬೇಕು. ಬಹುಕಾಲದ ಮೇಲೆ ಮಗನನ್ನು ಕಂಡ ತಾಯಿಯ ಮೊಲೆಯು ತಾನಾಗಿ ತೊರೆಯುವುದು ಕವಿಸಮಯವೇ ಆಗಿಹೋಗಿದೆ. ಮಗು ಬೆಳೆದು ವೀರನಾಗಿ ಬಂದರೂ ಹಾಲು ಉಕ್ಕುವುದು. ವಾತ್ಸಲ್ಯಕ್ಕೆ ಅದೇ ಮುದ್ರೆ, ಅದೇ ಸಾಕ್ಷಿ. ಹಾಲು ಬಾರದಿದ್ದ ತಾಯಿ, ಬಂದರೂ ಮಗು ಹಿಡಿಯದೆ ಕಂಗೆಟ್ಟ ತಾಯಿ, ಮೊಲೆ ಬಿರಿದು ನೋವಿನಿಂದ ಮಗುವನ್ನು ಎತ್ತಿಕೊಳ್ಳಲು ಅಂಜುವ ತಾಯಿ, ಇವರನ್ನು ಕಾವ್ಯಗಳಲ್ಲಿ ಹುಡುಕಿ ಕಾಣುವುದು ಅಪೂರ್ವ. ಭಾಗವತದಲ್ಲಿ ಮೊಲೆಯೂಡಲು ಬಂದ ಪೂತನಿಯು ರಕ್ಕಸಿ. ಆಕೆಗೂ ಕೃಷ್ಣನು ತಾಯಿಯ ಗತಿಯನ್ನೇ ಕೊಟ್ಟನೆಂಬ ಮಾತು ಅಲ್ಲಿಯೇ ಇರುವುದನ್ನು ಹೇಳುವವರು ಕಡಮೆ. ಅದೇ ಗ್ರಂಥದಲ್ಲಿ ಯಶೋದೆಯು ಒಲೆಯ ಮೇಲಿನ ಹಾಲು ಉಕ್ಕಿತೆಂದು ಇನ್ನೂ ತೃಪ್ತನಾಗದ ಮಗನನ್ನು ಕೆಳಗಿಳಿಸಿ ಓಡುವಳು. ಮನೆಗೆಲಸಕ್ಕೂ ಮಗುವಿಗೂ ನಡುವೆ ಸಿಕ್ಕಿದ ಹೆಂಗಸಿನ ಚಿತ್ರವದು. ಆಕೆಯನ್ನು ನಿಷ್ಕರುಣಿಯೆಂದವರು ಯಾರೂ ಇಲ್ಲ.

ಬೆಜ್ಜಮಹಾದೇವಿಯ ಕಥೆಯಲ್ಲಿ ಮಾತ್ರ ಕವಿಸಮಯವು ತಲೆಕೆಳಗಾಗಿದೆ. ತಾಯಿಯಲ್ಲಿ ವಾತ್ಸಲ್ಯವು ಪೂರ್ಣವಾಗಿದೆ, ಹಾಲೂ ಇದೆ, ಮಗು ಕುಡಿಯದು. ಕಾರಣವು ಮಗುವಿನ ಬಾಯಲ್ಲಿದೆ. ಆಕೆಗೆ ಅದು ಕಾಣದು. ಕಾಣದಿರುವುದರಿಂದ ಅಪರಾಧವನ್ನೆಲ್ಲ ತನ್ನ ಮೇಲೆ ಹೇರಿಕೊಂಡು ಸಾಯುವವರೆಗೂ ಹೋಗುವಳು. ಇಲ್ಲಿರುವುದು ಕೇವಲ ಭಕ್ತಿಪರೀಕ್ಷೆಯಾಗಿದ್ದರೆ ಶಿವನು ಆಕೆಯ ಸಂಪತ್ತನ್ನೋ ಅಂಗವನ್ನೋ ಬೇಡಬಹುದಾಗಿತ್ತು. ಪುರಾಣದಲ್ಲಿ ಅಂತಹ ಪರೀಕ್ಷೆಗಳಿಗೆ ಬಡತನವಿಲ್ಲ. ಎಳೆಗೂಸು ಹಾಲೊಲ್ಲದಿರುವುದಕ್ಕಿಂತ ತಾಯಿಗೆ ಘೋರವಾದುದು ಬೇರೊಂದಿಲ್ಲವೆಂದು ಮೂಲಕಥೆಯನ್ನು ಹೇಳಿದವರಿಗೆ ತಿಳಿದಿತ್ತು. ಆ ತಿಳಿವಳಿಕೆಯು ಬಾಣಂತಿಕೋಣೆಯಿಂದ ಬಂದಿರಬೇಕೇ ಹೊರತು ಆಗಮಗಳಿಂದ ಬಂದುದಲ್ಲ.

ಕಥೆಯ ದೋಷವನ್ನೂ ಹೇಳಬೇಕು. ಪರೀಕ್ಷೆ ಮುಗಿದೊಡನೆ ಬೇನೆ ಮಾಯವಾಗುವುದು. ಸಂಕಟವು ನಿಜವಾದುದಾದರೂ ಪರಿಹಾರವು ಪವಾಡ. ಮಗು ಕುಡಿಯದಿದ್ದರೆ ಮುಂದೇನು, ಬೇರೆ ಹಾಲು ಕೊಡಲೆ, ಬೇರೊಬ್ಬಳ ಕೈಗೆ ಕೊಡಲೆ, ಇನ್ನೂ ನಾಲ್ಕು ದಿನ ಪ್ರಯತ್ನಿಸಲೆ ಎಂದು ನಿರ್ಧರಿಸುವ ಕಷ್ಟವನ್ನು ಪುರಾಣವು ಆಕೆಗೆ ಬಿಡಲಿಲ್ಲ. ಸಾವು ಅಥವಾ ಸಾಕ್ಷಾತ್ಕಾರ, ಇವೆರಡೇ ದಾರಿ. ಮೈಲೂರದ ಬಾಣಂತಿಯೊಬ್ಬಳು ಐದನೆಯ ದಿನದ ರಾತ್ರಿ ಅಳುವ ಕೂಸನ್ನೆತ್ತಿಕೊಂಡು ಕುಳಿತಾಗ ಈ ಕಥೆಯಿಂದ ಆಕೆಗೆ ದೊರೆಯುವುದು ಸಹಾನುಭೂತಿ ಮಾತ್ರ, ದಾರಿ ದೊರೆಯದು.

ಆ ದಾರಿಯನ್ನು ಕಾವ್ಯಕ್ಕಿಂತ ಚೆನ್ನಾಗಿ ಕಂಡವರು ಶಾಸ್ತ್ರಕಾರರು. ಹೆತ್ತ ಮೂರು ನಾಲ್ಕು ರಾತ್ರಿಗಳ ತರುವಾಯ ಸ್ತನ್ಯವು ಪ್ರವರ್ತಿಸುವುದೆಂದು ಸುಶ್ರುತಸಂಹಿತೆಯ ಶಾರೀರಸ್ಥಾನದಲ್ಲಿ ಹೇಳಿದೆ; ಇಂದಿನ ವೈದ್ಯರ ಲೆಕ್ಕವೂ ಹೆಚ್ಚು ಕಡಮೆ ಇಷ್ಟೇ. ಬಿಗಿದು ತುಂಬಿದ ಮೊಲೆಯಿಂದ ಮೊದಲು ಸ್ವಲ್ಪ ಹಾಲನ್ನು ಹಿಂಡಿ ತೆಗೆಯದೆ ಕುಡಿಸಿದರೆ ಮಗುವಿಗೆ ಕೆಮ್ಮು, ಉಬ್ಬಸ, ವಾಂತಿ ಬರುವುವೆಂಬ ಎಚ್ಚರಿಕೆಯೂ ಅಲ್ಲಿದೆ. ಚರಕನು ಚಿಕಿತ್ಸಾಸ್ಥಾನದಲ್ಲಿ ಹಾಲಿನ ದೋಷಗಳನ್ನು ಎಂಟಾಗಿ ವಿಂಗಡಿಸಿರುವನು. ನೇಪಾಳದಲ್ಲಿ ದೊರೆತು ೧೯೩೮ರಲ್ಲಿ ಮುಂಬಯಿಯ ನಿರ್ಣಯಸಾಗರ ಮುದ್ರಣಾಲಯದಿಂದ ಪ್ರಕಟವಾದ ಕಾಶ್ಯಪಸಂಹಿತೆಯಂತೂ ಬಾಲಚಿಕಿತ್ಸೆಗೇ ಮೀಸಲಾದ ಗ್ರಂಥ. ಮೊಲೆಯಲ್ಲಿ ಗೂಟ ಹೊಡೆದಂತೆ ನೋಯುವ ಬೇನೆಗೆ ಅದರಲ್ಲಿ ಸ್ತನಕೀಲಕವೆಂದು ಹೆಸರಿದೆ. ಹೆಸರಿಟ್ಟವನು ನೋಯುವವಳ ಮಾತನ್ನು ಕಿವಿಗೊಟ್ಟು ಕೇಳಿರಬೇಕು.

ಇನ್ನು ಮುಖ್ಯವಾದ ವಿವಾದಸ್ಥಳ. ಕ್ರೋಧ, ಶೋಕ, ಅವಾತ್ಸಲ್ಯ ಮೊದಲಾದುವುಗಳಿಂದ ಸ್ತ್ರೀಯರಿಗೆ ಸ್ತನ್ಯನಾಶವುಂಟಾಗುವುದೆಂದು ಸುಶ್ರುತನು ಹೇಳಿರುವನು. ನಿದಾನಸ್ಥಾನದಲ್ಲಿ, ಮಗುವಿನ ಸ್ಪರ್ಶ ದರ್ಶನ ಸ್ಮರಣಗಳಿಂದ ಹಾಲು ಇಳಿಯುವುದೆಂದೂ ಎಡೆಬಿಡದ ಸ್ನೇಹವೇ ಅದಕ್ಕೆ ಹೇತುವೆಂದೂ ಹೇಳಿರುವನು. ಈ ಮಾತುಗಳು ಶಾಸ್ತ್ರದಿಂದ ಇಳಿದು ಜನದ ಬಾಯಿಗೆ ಬಂದಾಗ ಬೇರೆ ರೂಪ ತಾಳಿದುವು. “ಮನಸ್ಸು ಕೂಸಿನ ಮೇಲಿಲ್ಲ, ಅದಕ್ಕೇ ಹಾಲಿಲ್ಲ” ಎಂಬ ನುಡಿಯನ್ನು ಕೇಳದ ಬಾಣಂತಿಯರು ಪುಣ್ಯವಂತೆಯರು. ಶಾಸ್ತ್ರವಾಕ್ಯವು ಇಷ್ಟನ್ನು ಹೇಳುವುದೆ ಎಂಬುದನ್ನು ತರ್ಕದಿಂದ ಶೋಧಿಸಬೇಕು.

ಹೊಗೆಯಿದ್ದಲ್ಲಿ ಬೆಂಕಿಯುಂಟು, ಇದು ವ್ಯಾಪ್ತಿ. ಇದನ್ನು ತಿರುಗಿಸಿ, ಹೊಗೆಯಿಲ್ಲದಲ್ಲಿ ಬೆಂಕಿಯಿಲ್ಲವೆಂದು ಸಾಧಿಸಹೊರಟವನ ಮುಂದೆ ನೈಯಾಯಿಕರು ಕಾದ ಕಬ್ಬಿಣದ ಗುಂಡನ್ನು ಇಡುವರು. ಅದರಲ್ಲಿ ಬೆಂಕಿಯಿದೆ, ಹೊಗೆಯಿಲ್ಲ. ಸ್ನೇಹವು ಸ್ತನ್ಯಪ್ರವೃತ್ತಿಗೆ ಹೇತುವೆಂದು ಒಪ್ಪಿದ ಮಾತ್ರಕ್ಕೆ, ಸ್ತನ್ಯವಿಲ್ಲದಲ್ಲಿ ಸ್ನೇಹವಿಲ್ಲವೆಂಬುದು ಸಿದ್ಧಿಸದು. ಅವಾತ್ಸಲ್ಯವು ಸ್ತನ್ಯನಾಶಕ್ಕೆ ಹೇತುಗಳಲ್ಲೊಂದು. ಕ್ರೋಧಶೋಕಗಳು ಬೇರೆ, ಆದಿಶಬ್ದದಿಂದ ಸಂಗ್ರಹವಾಗುವುವು ಇನ್ನೂ ಬೇರೆ. ಬಹುಹೇತುಕವಾದ ಕಾರ್ಯವನ್ನು ಕಂಡು ಅವುಗಳಲ್ಲಿ ಅತ್ಯಂತ ನಿಂದ್ಯವಾದ ಒಂದನ್ನೇ ಊಹಿಸುವುದು ಅನುಮಾನವಲ್ಲ, ಆರೋಪ. ಹಾಲಿಲ್ಲದ ತಾಯಿ ಆ ಕಾದ ಗುಂಡು. ಬೆಜ್ಜಮಹಾದೇವಿಯ ಕಥೆಯೂ ಇದಕ್ಕೆ ದೃಷ್ಟಾಂತವೇ: ವಾತ್ಸಲ್ಯದ ಪರಾಕಾಷ್ಠೆಯಲ್ಲಿಯೇ ಹಾಲೂಡುವ ಕಾರ್ಯವು ನಿಂತುಹೋಯಿತು. ಅಮ್ಮವ್ವೆಯೆಂಬ ಬಿರುದು ಆಕೆಗೆ ಸಂದುದು ಮಗು ಕುಡಿಯುತ್ತಿದ್ದಾಗ ಅಲ್ಲ, ಒಲ್ಲೆನೆಂದ ಮೇಲೆ.

ನವೀನ ಶಾರೀರಶಾಸ್ತ್ರವು ಸುಶ್ರುತನ ಮಾತಿಗೆ ಒಂದು ಅಂಶದಲ್ಲಿ ಬೆಂಬಲ ಕೊಡುವುದು. ಹಾಲನ್ನು ಉತ್ಪಾದಿಸುವ ಪ್ರೊಲ್ಯಾಕ್ಟಿನ್, ಹಾಲನ್ನು ಹೊರಕ್ಕೆ ತಳ್ಳುವ ಆಕ್ಸಿಟೋಸಿನ್ ಎಂಬ ಎರಡು ರಸಗಳಲ್ಲಿ ಎರಡನೆಯದು ಮಗುವಿನ ದರ್ಶನ, ರೋದನ, ಸ್ಮರಣಗಳಿಂದಲೂ ಹೊರಡುವುದು. ನೋವು, ಭಯ, ಚಿಂತೆಗಳಿಂದ ತಡೆಯುವುದು. ಹೀಗಾದರೆ ಬಾಣಂತಿಯನ್ನು ವಾತ್ಸಲ್ಯಹೀನೆಯೆಂದು ನಿಂದಿಸಿ ಆಕೆಯ ಶೋಕವನ್ನು ಹೆಚ್ಚಿಸುವವರೇ ಶಾಸ್ತ್ರೋಕ್ತವಾದ ಸ್ತನ್ಯನಾಶಕ್ಕೆ ಹೇತುಗಳಾಗುವರು. ಹಾಲು ಕಡಮೆಯೆಂಬ ಭಾವನೆಯು ಎಷ್ಟೋ ವೇಳೆ ಭಾವನೆ ಮಾತ್ರ. ಮಗುವು ಐದಾರು ದಿನಗಳಾದ ಮೇಲೆ ಹಗಲಿರುಳಿನಲ್ಲಿ ಆರೇಳು ಸಲ ಮೂತ್ರ ಮಾಡುತ್ತ, ಎರಡು ವಾರಗಳೊಳಗೆ ಹುಟ್ಟಿದಾಗಿನ ತೂಕಕ್ಕೆ ಮರಳಿ ಮುಂದೆ ಬೆಳೆಯುತ್ತಿದ್ದರೆ ಹಾಲು ಸಾಲುತ್ತಿದೆಯೆಂದೇ ವೈದ್ಯರ ನಿರ್ಣಯ. ತೊಟ್ಟು ಬಿರಿಯುವುದು ಬಹಳಮಟ್ಟಿಗೆ ಮಗು ತೊಟ್ಟಿನ ತುದಿಯನ್ನಷ್ಟೇ ಕಚ್ಚಿ ಹಿಡಿಯುವುದರಿಂದ. ಸುತ್ತಲಿನ ಕಪ್ಪು ಭಾಗದ ಬಹುಪಾಲು ಬಾಯೊಳಗೆ ಹೋಗುವಂತೆ ಹಿಡಿಸಿದರೆ ನೋವು ಇಳಿಯುವುದು. ಬಾಯಿಯ ರಚನೆಯಲ್ಲಿಯೇ ದೋಷವಿರುವ ಕೂಸುಗಳೂ ಉಂಟು. ಅಲ್ಲಿಗೆ ಪುರಾಣದ ಗಂಟಲಬೇನೆಯು ಕಟ್ಟುಕಥೆಯಲ್ಲವೆಂದಾಯಿತು.

ಶಾಸ್ತ್ರವಿದ್ದ ಮಾತ್ರಕ್ಕೆ ಎಲ್ಲವೂ ಗ್ರಾಹ್ಯವಲ್ಲ. ಮೊದಲ ದಿನಗಳಲ್ಲಿ ಮೊಲೆಹಾಲಿನ ಬದಲು ಜೇನು ತುಪ್ಪಗಳನ್ನು ನೆಕ್ಕಿಸುವ ವಿಧಿಯು ಈಗ ತ್ಯಾಜ್ಯ. ಹಳದಿಬಣ್ಣದ ಗಟ್ಟಿಯಾದ ಮೊದಲ ಹಾಲು ಮಗುವಿಗೆ ರಕ್ಷಣೆಯೆಂದೂ, ಹುಟ್ಟಿದ ಒಂದು ಗಂಟೆಯೊಳಗೆ ಅದನ್ನು ಕೊಡಬೇಕೆಂದೂ, ಒಂದು ವರ್ಷ ತುಂಬುವವರೆಗೆ ಜೇನು ಅಪಾಯಕರವೆಂದೂ ಈಗ ನಿಶ್ಚಿತವಾಗಿದೆ. ಹಾಲು ಹೆಚ್ಚಲೆಂದು ಸುಶ್ರುತನು ಹೇಳುವ ಗೋದಿ, ಅಕ್ಕಿ, ಬೆಳ್ಳುಳ್ಳಿ ಮೊದಲಾದುವು ಇರಲಿ, ಬೀದರ ಸೀಮೆಯ ಅಳವಿ, ಮೆಂತ್ಯ, ಸಬ್ಬಸಿಗೆಗಳಿರಲಿ, ಬಾಣಂತಿಗೆ ಪಥ್ಯವಾದ ಆಹಾರವೆಂದು ಉಣಿಸುವುದಕ್ಕೆ ಯಾರ ಆಕ್ಷೇಪವೂ ಇಲ್ಲ. ಪದೇ ಪದೇ ಮೊಲೆಯೂಡಿ ಬರಿದುಮಾಡುವುದಕ್ಕಿಂತ ಅವು ಮೇಲೆಂದು ಹೇಳುವುದು ಮಾತ್ರ ಸರಿಯಲ್ಲ.

ಆದರೂ ಹಾಲು ಸಾಲದಿದ್ದರೆ? ಸ್ತನ್ಯವು ಪರ್ಯಾಪ್ತವಾಗುವವರೆಗೆ ಆಡಿನ ಹಾಲನ್ನಾಗಲಿ ಆಕಳ ಹಾಲನ್ನಾಗಲಿ ಮಾತ್ರೆಯರಿತು ಕೊಡಬೇಕೆಂದು ಸುಶ್ರುತನೇ ಅನುಮತಿಸಿರುವನು. ವಾಗ್ಭಟನ ಮತವೂ ಇದಕ್ಕೆ ಸಮೀಪವಾದುದೇ. ಆರು ತಿಂಗಳಾಗದ ಕೂಸಿಗೆ ಪಶುಗಳ ಹಾಲನ್ನು ಹಾಗೆಯೇ ಕೊಡಬಾರದೆಂದು ಇಂದಿನ ವೈದ್ಯರು ಹೇಳುವರು. ವಿಶ್ವ ಆರೋಗ್ಯ ಸಂಸ್ಥೆಯ ಮತದಂತೆ ಆರು ತಿಂಗಳವರೆಗೆ ತಾಯಿಯ ಹಾಲೊಂದೇ ಸಾಕು, ಅನಂತರ ಇತರ ಆಹಾರದೊಡನೆ ಎರಡು ವರ್ಷ ಅಥವಾ ಇನ್ನೂ ಮುಂದಕ್ಕೆ ನಡೆಸಬಹುದು. ಹಾಲುಪುಡಿಯ ವ್ಯಾಪಾರಿಗಳು ತಾಯಂದಿರನ್ನು ಅಂಜಿಸಿ ಮಾರಬಾರದೆಂದು ೧೯೯೨ರಲ್ಲಿ ಭಾರತದಲ್ಲಿ ಶಾಸನವೂ ಆಗಿದೆ. ಇವೆಲ್ಲ ಯುಕ್ತವೇ. ಸುಶ್ರುತನು ಹೇಳಿದ ದ್ರವ್ಯವು ಹೋದರೂ ಆತನ ವಾಕ್ಯದ ನ್ಯಾಯವು ಹೋಗದು. “ಪರ್ಯಾಪ್ತವಾಗುವವರೆಗೆ” ಎಂಬ ಅವಧಿಯನ್ನು ಗಮನಿಸಬೇಕು. ಬೇರೆ ಹಾಲನ್ನು ಕೊಟ್ಟವಳು ಮೊಲೆಯೂಡುವುದನ್ನು ಬಿಟ್ಟವಳಲ್ಲ. ಎರಡೂ ಕೂಡಿ ನಡೆಯಬಹುದು. ಪ್ರಯತ್ನಕ್ಕೆ ಅಲ್ಲಿ ಕಾಲಾವಕಾಶವುಂಟು. ಪರ್ಯಾಪ್ತವಾಗದೆಯೇ ಉಳಿದರೆ ಧಾತ್ರಿಯುಂಟು, ಕ್ಷೀರವುಂಟು. ಚರಕ ಸುಶ್ರುತರು ಧಾತ್ರಿಯ ಪರೀಕ್ಷೆಯನ್ನು ವಿಸ್ತಾರವಾಗಿ ಹೇಳಿದರು. ಆಕೆಯನ್ನಿಟ್ಟ ತಾಯಿಗೆ ಪ್ರಾಯಶ್ಚಿತ್ತವನ್ನು ವಿಧಿಸಲಿಲ್ಲ.

ಕನ್ನಡದಲ್ಲಿ ಈ ನಿರ್ಧಾರವನ್ನು ತಾಯಿಯ ಕೈಗೇ ಕೊಟ್ಟ ಕೃತಿಯೊಂದಿದೆ: ಕರ್ತೃವಿನ ಹೆಸರು ಉಳಿಯದ ಗೋವಿನ ಹಾಡು. ಅದನ್ನು ಸತ್ಯನಿಷ್ಠೆಯ ಕಥೆಯೆಂದು ಮಕ್ಕಳಿಗೆ ಹೇಳಿಕೊಡುವರು, ಅದು ಹೌದು. ಆದರೆ ಪುಣ್ಯಕೋಟಿಯು ಹುಲಿಯಿಂದ ಬೇಡುವುದು ಒಂದು ಸಲ ಹಾಲೂಡಿಬರುವ ಅವಕಾಶವನ್ನು. ಊಡಿದ ಮೇಲೆ ಹಟ್ಟಿಯ ಒಡಹುಟ್ಟಿದವರಿಗೆ ಕರುವನ್ನೊಪ್ಪಿಸಿ, ತಬ್ಬಲಿಯನ್ನು ನೋಯಿಸದೆ ತಮ್ಮದೆಂದೇ ಕಾಣಿರೆಂದು ಕೇಳಿಕೊಳ್ಳುವಳು. ಆಕೆ ಮೊಲೆಯೂಡುವುದನ್ನು ನಿಲ್ಲಿಸುವಳು, ತಾಯ್ತನವನ್ನು ನಿಲ್ಲಿಸುವುದಿಲ್ಲ. ಅವಳ ವಾತ್ಸಲ್ಯವು ಹಾಲಿಗಿಂತಲೂ ಆ ಒಪ್ಪಿಸುವ ಮಾತಿನಲ್ಲಿ ಹೆಚ್ಚಾಗಿ ಕಾಣುವುದು. ಪವಾಡವು ಇಲ್ಲಿಯೂ ಕೊನೆಗೆ ಬರುವುದಾದರೂ, ಅದು ನಿರ್ಧಾರವಾದ ಮೇಲೆ ಬರುವುದು. ಈ ಒಂದು ವಿಷಯದಲ್ಲಿ ಹೆಸರಿಲ್ಲದ ಹಾಡುಗಾರನು ಪುರಾಣಕವಿಗಿಂತ ಮೇಲೆಂದು ಹೇಳಲಡ್ಡಿಯಿಲ್ಲ.

ಧಾತ್ರಿಯನ್ನಿಡುವ ಪದ್ಧತಿಯು ಮನೆಗಳಿಂದ ಬಹುಮಟ್ಟಿಗೆ ಮರೆಯಾಗಿದೆ. ಅದರ ಸ್ಥಾನದಲ್ಲಿ, ಹಾಲು ಹೆಚ್ಚಿರುವ ತಾಯಂದಿರು ಕೊಟ್ಟ ಹಾಲನ್ನು ಪರೀಕ್ಷಿಸಿ ಕಾಯಿಸಿ ಕಾಪಿಡುವ ಕ್ಷೀರಭಂಡಾರಗಳು ಹುಟ್ಟಿಕೊಂಡಿವೆ. ಭಾರತದಲ್ಲಿ ಮೊದಲನೆಯದು ೧೯೮೯ರಲ್ಲಿ ಮುಂಬಯಿಯ ಸಾಯನ್ ಆಸ್ಪತ್ರೆಯಲ್ಲಿ ಸ್ಥಾಪಿತವಾಯಿತು. ಬೆಂಗಳೂರಿನ ವಾಣೀವಿಲಾಸ ಆಸ್ಪತ್ರೆಯಲ್ಲಿ ೨೦೨೨ರಲ್ಲಿ ಆಯಿತು. ಮೈಲೂರದಿಂದ ಬೆಂಗಳೂರು ಬಲು ದೂರ, ಹೈದರಾಬಾದೇ ಹತ್ತಿರ. ಅಲ್ಲಿಯ ನೀಲೋಫರ್ ಆಸ್ಪತ್ರೆಯಲ್ಲಿ ೨೦೧೭ರಲ್ಲಿ ತೆರೆದ ಭಂಡಾರದಿಂದ ಮುಖ್ಯವಾಗಿ ತಿಂಗಳು ತುಂಬದೆ ಹುಟ್ಟಿದ ಬಲಹೀನ ಕೂಸುಗಳಿಗೆ ಹಾಲು ದೊರೆಯುವುದು. ಅದಕ್ಕೆ ಇಟ್ಟಿರುವ ಹೆಸರು ಧಾತ್ರಿ.