ಕೂರಲು ಬಾರದ ಗಿಟಾರು

ಎಲೆಕ್ಟ್ರಿಕ್ ಗಿಟಾರಿನ ಆಕಾರಕ್ಕೂ ಅದರ ನಾದಕ್ಕೂ ಇರುವ ನಂಟು ಬಹಳ ತೆಳುವಾದದ್ದು. ವೀಣೆಯಲ್ಲಿ ಹಾಗಲ್ಲ. ಹಲಸಿನ ಮರವನ್ನು ತೋಡಿ ಮಾಡಿದ ಕೊಡ ಎಷ್ಟು ದುಂಡಗಿದೆ, ಅದರ ಗೋಡೆ ಎಷ್ಟು ತೆಳುವಾಗಿದೆ ಎಂಬುದರ ಮೇಲೆ ವೀಣೆಯ ದನಿ ನಿಂತಿರುತ್ತದೆ. ಕೊಡದ ಜಾಗಕ್ಕೆ ಒಂದು ತ್ರಿಕೋನದ ಪೆಟ್ಟಿಗೆ ಕೂರಿಸಿದರೆ ಅದು ಬೇರೆಯೇ ವಾದ್ಯವಾಗುತ್ತದೆ. ಎಲೆಕ್ಟ್ರಿಕ್ ಗಿಟಾರಿನಲ್ಲಿ ತಂತಿಯ ಕಂಪನವನ್ನು ಹಿಡಿಯುವುದು ತಂತಿಯ ಕೆಳಗಿರುವ ಪಿಕಪ್, ಅಂದರೆ ಆಯಸ್ಕಾಂತಕ್ಕೆ ಸುತ್ತಿದ ತಾಮ್ರದ ಸುರುಳಿ. ಅದನ್ನು ಕೇಳುವ ಹಾಗೆ ಮಾಡುವುದು ಆಂಪ್ಲಿಫೈಯರ್. ಗಟ್ಟಿ ಮರದ ಹಲಗೆಗೆ ಉಳಿಯುವ ಮುಖ್ಯ ಕೆಲಸ ಇವನ್ನೆಲ್ಲ ಅಲುಗದಂತೆ ಹಿಡಿದುಕೊಳ್ಳುವುದು. ಮರ ಯಾವುದು, ತೂಕ ಎಷ್ಟು ಎಂಬುದರಿಂದ ದನಿ ಬದಲಾಗುತ್ತದೆಯೇ ಎಂಬ ಜಗಳ ಗಿಟಾರ್ ನುಡಿಸುವವರ ನಡುವೆ ಇದ್ದೇ ಇದೆ. ಹಲಗೆಯ ಮೂಲೆ ಚೂಪಾದ ಕೂಡಲೇ ಸ್ವರವೂ ಚೂಪಾಗುತ್ತದೆ ಎನ್ನುವವರನ್ನು ಮಾತ್ರ ನಾನು ಕಂಡಿಲ್ಲ.

ಹಾಗಾದರೆ ಇಂಗ್ಲಿಷಿನ ‘ವಿ’ ಅಕ್ಷರದಂತೆ, ಮಿಂಚಿನಂತೆ, ಕೊಡಲಿಯಂತೆ, ಬಾವಲಿ ರೆಕ್ಕೆಯಂತೆ ಇರುವ ಗಿಟಾರುಗಳು ಯಾಕಿವೆ? ನಾದದ ಹೊಣೆ ಕಳಚಿಕೊಂಡ ಆಕಾರ ಇನ್ನೇನು ಮಾಡುತ್ತದೆ? ಪ್ರದರ್ಶನ ಕಲೆಗಳ ಬಗ್ಗೆ ಸಂಶೋಧನೆ ಮಾಡುತ್ತಿರುವ ನನಗೆ ಇದು ಬರೀ ಗಿಟಾರಿನ ಪ್ರಶ್ನೆಯಾಗಿ ಕಾಣುವುದಿಲ್ಲ. ಹಾಗಾಗಿ ‘ಷೋಕಿ’ ಎಂಬ ಒಂದೇ ಪದದಲ್ಲಿ ಇದನ್ನು ಮುಗಿಸಿಬಿಡಲು ಇಷ್ಟವಿಲ್ಲ.

ಈ ಆಕಾರಗಳ ಚರಿತ್ರೆ ಸೋಲಿನಿಂದ ಶುರುವಾಗುತ್ತದೆ. 1954ರಲ್ಲಿ ಫೆಂಡರ್ ಕಂಪನಿ ಸ್ಟ್ರಾಟೊಕ್ಯಾಸ್ಟರ್ ಗಿಟಾರನ್ನು ತಂದಿತು. ಅದರ ಹಲಗೆಯನ್ನು ಪಕ್ಕೆಲುಬು ತಾಗುವ ಕಡೆ, ಮುಂಗೈ ಒರಗುವ ಕಡೆ ಕೆತ್ತಿ ಇಳಿಜಾರು ಮಾಡಲಾಗಿತ್ತು. ಎದುರಾಳಿ ಗಿಬ್ಸನ್ ಹಳೇ ಕಾಲದ ಕಂಪನಿ ಎಂಬ ಮಾತು ಹರಡತೊಡಗಿದಾಗ ಅದರ ಅಧ್ಯಕ್ಷ ಟೆಡ್ ಮೆಕಾರ್ಟಿ, ನಾಳೆಯ ಕಾಲದಿಂದ ಬಂದಂತಿರುವ ಗಿಟಾರುಗಳನ್ನು ಮಾಡಿಸಿದ. 1958ರಲ್ಲಿ ಮಾರುಕಟ್ಟೆಗೆ ಬಂದ ಫ್ಲೈಯಿಂಗ್ ವಿ ಮತ್ತು ಎಕ್ಸ್‌ಪ್ಲೋರರ್ ಹುಟ್ಟಿದ್ದು ಹೀಗೆ. ರಾಕೆಟ್ಟಿನ ಕಾಲ ಅದು. ಅಮೆರಿಕದ ಕಾರುಗಳಿಗೂ ಆಗ ಮೀನಿನ ರೆಕ್ಕೆಗಳು ಮೂಡಿದ್ದವು. ಆದರೆ ಕೊಳ್ಳುವವರು ಬರಲಿಲ್ಲ. 1958ರಲ್ಲಿ 81, 1959ರಲ್ಲಿ 17 ಫ್ಲೈಯಿಂಗ್ ವಿಗಳು ಕಾರ್ಖಾನೆಯಿಂದ ಹೊರಟವು. ಎಕ್ಸ್‌ಪ್ಲೋರರ್ ಅದಕ್ಕಿಂತ ಕಡಿಮೆ. ಕಂಪನಿ ಎರಡನ್ನೂ ನಿಲ್ಲಿಸಿತು.

ಅದನ್ನು ಉಳಿಸಿದವರು ನುಡಿಸಿದವರು. ಬ್ಲೂಸ್ ಹಾಡುಗಾರ ಆಲ್ಬರ್ಟ್ ಕಿಂಗ್ ಎಡಗೈಯವನು. ಬಲಗೈಯವರ ಗಿಟಾರನ್ನೇ ತಿರುಗಿಸಿ ಹಿಡಿದು, ತಂತಿಗಳನ್ನೂ ಬದಲಿಸದೆ ನುಡಿಸುತ್ತಿದ್ದ. ಮಾಮೂಲಿ ಗಿಟಾರನ್ನು ಹಾಗೆ ತಿರುಗಿಸಿದರೆ ಕೈ ಹೋಗಲೆಂದು ಕೊಟ್ಟ ಕೊರೆ ಮೇಲಕ್ಕೆ ಹೋಗಿಬಿಡುತ್ತದೆ. ಎರಡೂ ಕಡೆ ಒಂದೇ ಥರ ಇರುವ ವಿ ಗಿಟಾರಿಗೆ ಮೇಲೂ ಇಲ್ಲ, ಕೆಳಗೂ ಇಲ್ಲ. ಎಡಗೈಯವನೇ ಆದ ಜಿಮಿ ಹೆಂಡ್ರಿಕ್ಸ್ ಕೂಡ ವಿ ಗಿಟಾರನ್ನು ಇಟ್ಟುಕೊಂಡಿದ್ದ. ಆಮೇಲೆ ಜೂಡಾಸ್ ಪ್ರೀಸ್ಟ್‌ನ ಕೆ. ಕೆ. ಡೌನಿಂಗ್, ಮೈಕೇಲ್ ಶೆಂಕರ್ ಮುಂತಾದವರ ಕೈಗೆ ಬಂದು ಈ ಆಕಾರ ಹೆವಿ ಮೆಟಲ್ ಸಂಗೀತದ ಗುರುತಾಯಿತು. ಬಿ. ಸಿ. ರಿಚ್, ಡೀನ್, ಜಾಕ್ಸನ್ ಮುಂತಾದ ಕಂಪನಿಗಳು ಮೂಲೆಗಳನ್ನು ಇನ್ನಷ್ಟು ಮಸೆದವು. 2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಮೆಟಾಲಿಕಾ ನುಡಿಸಿದಾಗ, ಎಕ್ಸ್‌ಪ್ಲೋರರ್ ವಂಶದ ಗಿಟಾರುಗಳಿಗೇ ಹೆಸರಾದ ಜೇಮ್ಸ್ ಹೆಟ್‌ಫೀಲ್ಡ್ ಕನ್ನಡ ನೆಲದಲ್ಲಿ ನಿಂತಿದ್ದ. ಅಷ್ಟು ಹೊತ್ತಿಗೆ ಬೆಂಗಳೂರಿಗೆ ತನ್ನದೇ ಮೆಟಲ್ ಪರಂಪರೆ ಇತ್ತು. ಕ್ರಿಪ್ಟೋಸ್ ತಂಡ ಇಲ್ಲಿ ಹುಟ್ಟಿದ್ದು 1998ರಲ್ಲಿ.

ಈ ಆಕಾರದ ಸೆಳೆತ ಏನೆಂದು ಅರ್ಥ ಮಾಡಿಕೊಳ್ಳಲು ನನಗೆ ಅಮೆರಿಕಕ್ಕಿಂತ ನಮ್ಮ ಮಾಗಡಿ ಸೀಮೆಯೇ ಹೆಚ್ಚು ನೆರವಾಗುತ್ತದೆ. ಇಲ್ಲಿಯ ಜಾತ್ರೆಗಳಲ್ಲಿ ಪೂಜಾ ಕುಣಿತ ನೋಡಿದವರಿಗೆ ಗೊತ್ತು: ಕುಣಿಯುವವನ ತಲೆಯ ಮೇಲೆ ಚೌಕಟ್ಟು ಕಟ್ಟಿ, ಸೀರೆ ಉಡಿಸಿ, ದೇವಿಯ ಮುಖ ಇಟ್ಟ ‘ಪೂಜೆ’ ಇರುತ್ತದೆ. ಅದನ್ನು ಕೈಯಲ್ಲಿ ಹಿಡಿಯದೆ, ತಲೆಯ ಮೇಲೇ ತೂಗಿಸಿಕೊಂಡು ಆತ ತಮಟೆಯ ಗತ್ತಿಗೆ ಕುಣಿಯುತ್ತಾನೆ. ತಾಳಕ್ಕೆ ಆ ಚೌಕಟ್ಟು ಬೇಕಿಲ್ಲ. ಅದಿಲ್ಲದೆಯೂ ಹೆಜ್ಜೆ ಬೀಳುತ್ತದೆ. ಆದರೆ ಅದು ತಲೆಗೇರಿದ ಮೇಲೆ ಆತ ನಿನ್ನೆ ಹೊಲದಲ್ಲಿ ಕಂಡ ಮನುಷ್ಯನಲ್ಲ. ವೀರಗಾಸೆಯವನ ಕತ್ತಿಯೂ ಹಾಗೆಯೇ, ಅದು ಯಾರನ್ನೂ ಕಡಿಯುವುದಕ್ಕೆ ಬಂದದ್ದಲ್ಲ. ದೇಹವನ್ನು ಅದರ ಅಳತೆಗಿಂತ ದೊಡ್ಡದು ಮಾಡುವ ವಸ್ತುಗಳು ಇವು. ವಿ ಗಿಟಾರು ಈ ಸಾಲಿಗೆ ಸೇರಿದ್ದು. ಅದನ್ನು ವಾದ್ಯ ಎನ್ನುವುದರ ಜೊತೆಗೆ ವೇಷದ ಒಂದು ಭಾಗ ಎಂದೂ ನೋಡಬೇಕು. ವೇಷವನ್ನು ಸುಳ್ಳೆಂದು ಹೀಗಳೆಯುವ ಅಭ್ಯಾಸ ನಮ್ಮ ಬಯಲಾಟದ ನಾಡಿನವರಿಗೆ ಇರಬಾರದು.

ನುಡಿಸುವವನಿಗೆ ಅನುಕೂಲವೂ ಇದೆ. ವಿ ಗಿಟಾರಿನಲ್ಲಿ ಕುತ್ತಿಗೆಯ ಬುಡದ ಎರಡೂ ಬದಿ ಬಯಲು. ಮೇಲಿನ ಸ್ವರಸ್ಥಾನಗಳಿಗೆ ಬೆರಳು ತಡೆಯಿಲ್ಲದೆ ಹೋಗುತ್ತದೆ. ವೇಗವಾಗಿ ತಾರಸ್ಥಾಯಿಗೆ ಏರಬೇಕಾದ ಸಂಗೀತಕ್ಕೆ ಇದು ನಿಜವಾಗಿ ಒದಗುತ್ತದೆ.

ತೊಂದರೆ ಶುರುವಾಗುವುದು ಕೂತಾಗ. ವಿ ಗಿಟಾರಿಗೆ ಸೊಂಟವಿಲ್ಲ. ಮಾಮೂಲಿ ಗಿಟಾರಿನ ನಡುವಿನ ತಗ್ಗು ತೊಡೆಯ ಮೇಲೆ ತಾನಾಗಿ ಕೂರುತ್ತದೆ. ವಿ ಗಿಟಾರಿನ ಓರೆ ಅಂಚು ಜಾರುತ್ತದೆ. ಇದು ಮಾಡಿದವರಿಗೂ ಗೊತ್ತಿತ್ತು. 1958ರ ಫ್ಲೈಯಿಂಗ್ ವಿಯ ಅಂಚಿಗೆ ಗೀರುಗಳಿರುವ ರಬ್ಬರ್ ಪಟ್ಟಿಯೊಂದನ್ನು ಅಂಟಿಸಿರುತ್ತಿದ್ದರು, ತೊಡೆಯಿಂದ ಜಾರದಿರಲೆಂದು. ಕುರ್ಚಿಯಲ್ಲಿ ಕೂತು ಒಂದು ರೆಕ್ಕೆಯನ್ನು ಎರಡು ಕಾಲುಗಳ ನಡುವೆ ಇಳಿಬಿಟ್ಟರೆ ಹೇಗೋ ನಿಭಾಯಿಸಬಹುದು. ಚಕ್ಕಳಮಕ್ಕಳ ಹಾಕಿ ನೆಲದ ಮೇಲೆ ಕೂತವನಿಗೆ ಆ ಉಪಾಯವೂ ಇಲ್ಲ, ರೆಕ್ಕೆ ನೆಲಕ್ಕೆ ಬಡಿಯುತ್ತದೆ.

ನಮ್ಮಲ್ಲಿ ಸಂಗೀತ ಕಲಿಯುವುದು ಬಹುಮಟ್ಟಿಗೆ ನೆಲದ ಮೇಲೆ. ವೀಣೆ, ಪಿಟೀಲು, ಹಾರ್ಮೋನಿಯಂ, ತಬಲ, ಭಜನೆ ಮನೆಯ ತಾಳ, ಎಲ್ಲಕ್ಕೂ ಚಾಪೆಯೇ ಮೊದಲ ವೇದಿಕೆ. ಬೆಂಗಳೂರಿನ ರೇಡೆಲ್ ಸಂಸ್ಥೆಯ ಜಿ. ರಾಜ್ ನಾರಾಯಣ್ ಎಲೆಕ್ಟ್ರಾನಿಕ್ ವೀಣೆ ರೂಪಿಸಿದಾಗಲೂ ಕೂತು ನುಡಿಸುವ ವೀಣೆಯ ಭಂಗಿಯನ್ನು ಕೈಬಿಡಲಿಲ್ಲ. ನಾದ ವಿದ್ಯುತ್ತಿನಿಂದ ಬಂದರೂ ವೈಣಿಕರ ಮೈಗೆ ರೂಢಿಯಾದದ್ದು ಆ ಭಂಗಿಯೇ. ನಿಂತು ನುಡಿಸುವ ವಾದ್ಯಗಳು ನಮ್ಮಲ್ಲಿ ಇಲ್ಲವೆಂದಲ್ಲ. ತಮಟೆ ನಿಂತೇ, ನಡೆದೇ ನುಡಿಯುತ್ತದೆ. ಆದರೆ ತಮಟೆಯನ್ನು ಹುಡುಗರು ಕಲಿಯುವುದೂ ಮೆರವಣಿಗೆಯಲ್ಲೇ, ಹಿರಿಯರ ಪಕ್ಕದಲ್ಲಿ ಹೆಜ್ಜೆ ಹಾಕುತ್ತಲೇ. ಎಲೆಕ್ಟ್ರಿಕ್ ಗಿಟಾರನ್ನು ಕಲಿಯುವವನು ಒಬ್ಬನೇ, ಮನೆಯ ಮೂಲೆಯಲ್ಲಿ, ಒಂದೇ ಸಾಲನ್ನು ನೂರು ಸಲ ನುಡಿಸುತ್ತ ಕಲಿಯುತ್ತಾನೆ. ಆ ಗಂಟೆಗಳಿಗೆ ಒಗ್ಗದ ಆಕಾರವನ್ನು ವಿಮರ್ಶಿಸಲೇಬೇಕು.

ಗುಡೇಮಾರನಹಳ್ಳಿಯಲ್ಲಿ ನನ್ನ ಚಿಕ್ಕಪ್ಪನ ಮಗ ಇಂಥದ್ದೊಂದು ಗಿಟಾರು ತಂದಿದ್ದಾನೆ. ಎರಡು ವರ್ಷ ಕೂಡಿಟ್ಟ ದುಡ್ಡು. ಪೆಟ್ಟಿಗೆ ಬಿಚ್ಚಿದಾಗ ನಮ್ಮಜ್ಜಿ ಕೇಳಿದ್ದು ಒಂದೇ ಮಾತು: “ಇದ್ಯಾಕ್ಲಾ ಮಗ, ಅರ್ಧ ಮುರ್ದೋಗದೆ?” ಅವನು ನಕ್ಕ, ನಾವೂ ನಕ್ಕೆವು. ಆದರೆ ಅವನ ದಿನಗಳನ್ನು ನೋಡುತ್ತ ಬಂದ ನನಗೆ ಅಜ್ಜಿಯ ಪ್ರಶ್ನೆ ಬರೀ ತಮಾಷೆ ಅನ್ನಿಸುತ್ತಿಲ್ಲ. ಅವನು ಕೆಲಸ ಮುಗಿಸಿ ಮನೆ ಸೇರುವುದು ರಾತ್ರಿ ಎಂಟಕ್ಕೆ. ದಿನವಿಡೀ ನಿಂತ ಕಾಲು. ಗಿಟಾರು ಹಿಡಿದರೆ ಮತ್ತೆ ಪಟ್ಟಿ ಹಾಕಿಕೊಂಡು ನಿಲ್ಲಬೇಕು. ಕುತ್ತಿಗೆಯ ಕಡೆ ಭಾರ ಹೆಚ್ಚು, ಎಡಗೈ ಬಿಟ್ಟರೆ ತಲೆ ನೆಲದ ಕಡೆ ವಾಲುತ್ತದೆ. ಹಾಗಾಗಿ ಸ್ವರ ಹಿಡಿಯಬೇಕಾದ ಕೈ ಭಾರವನ್ನೂ ಹೊರಬೇಕು. ಗೋಡೆಗೆ ಒರಗಿಸಿದರೆ ನಿಲ್ಲುವುದಿಲ್ಲ, ಬೇರೆ ಗಿಟಾರಿನ ಚೀಲ ಇದಕ್ಕೆ ಆಗುವುದಿಲ್ಲ, ಬೆಂಗಳೂರಿನ ಬಸ್ಸಿಗೆ ಹತ್ತಿದರೆ ಪಕ್ಕದವರ ಮಂಡಿಗೆ ಮೂಲೆ ತಾಗುತ್ತದೆ. ಒಂದು ಗಂಟೆ ನುಡಿಸಬೇಕೆಂದುಕೊಂಡವನು ಇಪ್ಪತ್ತು ನಿಮಿಷಕ್ಕೆ ಗೋಡೆಯ ಮೊಳೆಗೆ ತೂಗುಹಾಕುತ್ತಾನೆ. ಅಲ್ಲಿ ಅದು ತುಂಬಾ ಚೆನ್ನಾಗಿ ಕಾಣುತ್ತದೆ ಎಂಬುದನ್ನು ಒಪ್ಪಲೇಬೇಕು.

ನನ್ನ ತಕರಾರು ಇರುವುದು ಇಲ್ಲಿ. ಈ ಆಕಾರ ವೇದಿಕೆ ಇದೆ ಎಂದುಕೊಂಡು ಹುಟ್ಟಿದ್ದು. ದೊಡ್ಡ ವಾದಕನಿಗೆ ವೇದಿಕೆಗೊಂದು ಗಿಟಾರು, ಮನೆಗೊಂದು ಗಿಟಾರು. ಹೊತ್ತು ತರಲು ಆಳು, ಇಡಲು ಗಟ್ಟಿ ಪೆಟ್ಟಿಗೆ. ಒಂದೇ ಒಂದು ಗಿಟಾರು ಕೊಳ್ಳಬಲ್ಲವನಿಗೆ ಅದರ ಕೊರತೆಗಳೆಲ್ಲ ಒಟ್ಟಿಗೆ ಬಂದು ಬೀಳುತ್ತವೆ. ವರ್ಷಕ್ಕೊಮ್ಮೆ ಗಣೇಶನ ಹಬ್ಬದ ಆರ್ಕೆಸ್ಟ್ರಾದಲ್ಲಿ ನಿಲ್ಲುವ ಅರ್ಧ ಗಂಟೆಗಾಗಿ ಅವನು ಉಳಿದ ದಿನಗಳ ಅಭ್ಯಾಸವನ್ನು ಕಷ್ಟ ಮಾಡಿಕೊಳ್ಳುತ್ತಾನೆ.

“ಮಾಮೂಲಿ ಗಿಟಾರು ತಗೊಂಡಿದ್ರೆ ಆಗ್ತಿರ್ಲಿಲ್ವಾ?” ಎಂದು ಕೇಳಿದೆ. “ಅದುನ್ನ ನೋಡಿದ್ರೆ ನುಡಿಸ್ಬೇಕು ಅನ್ಸಲ್ಲ ಕಣಕ್ಕ” ಎಂದ. ಈ ಉತ್ತರವನ್ನು ತಳ್ಳಿಹಾಕುವಂತಿಲ್ಲ. ನಾದ ಕೇಳಿ ವಾದ್ಯಕ್ಕೆ ಒಲಿದವರು ಎಷ್ಟು ಜನರೋ, ಕಂಡು ಒಲಿದವರೂ ಅಷ್ಟೇ ಜನ. ತನ್ನ ಮನೆಯಲ್ಲಿ, ತನ್ನ ಬೀದಿಯಲ್ಲಿ ಯಾವುದಕ್ಕೂ ಹೋಲದ ವಸ್ತುವೊಂದು ತನ್ನದಾಗಿರಬೇಕು ಎಂಬ ಆಸೆಯಲ್ಲಿ ತಪ್ಪೇನೂ ಇಲ್ಲ. ಪಕ್ಕದ ಚನ್ನಪಟ್ಟಣದಲ್ಲಿ ಆಲೆ ಮರವನ್ನು ಪಟ್ಟಡೆಗೆ ಕೊಟ್ಟು ಮಾಡುವ ಗೊಂಬೆಗಳು ದುಂಡಗೆ ತಿರುಗಿ ಬರುತ್ತವೆ. ಮಗು ಬಾಯಿಗಿಟ್ಟರೂ ಚುಚ್ಚುವುದಿಲ್ಲ. ಹದಿನೆಂಟು ದಾಟಿದವನಿಗೆ ಚುಚ್ಚುವ ವಸ್ತುವೇ ಬೇಕಾಗಬಹುದು.

ಆದರೆ ಅವನ ಅದೇ ಮಾತಿನಲ್ಲಿ ನನಗೆ ಇನ್ನೊಂದು ನಷ್ಟವೂ ಕಾಣುತ್ತದೆ. ಯಾವುದಕ್ಕೂ ಹೋಲದಿರಲೆಂದು ಹುಟ್ಟಿದ ಆಕಾರ ಈಗ ಒಂದು ಸಮವಸ್ತ್ರ. ವಿ ಗಿಟಾರು ಕಂಡ ಕೂಡಲೇ ಕೇಳುಗ ಮೆಟಲ್ ಸಂಗೀತಕ್ಕೆ ಕಿವಿ ಸಜ್ಜು ಮಾಡಿಕೊಳ್ಳುತ್ತಾನೆ. ಕಳೆದ ಹಬ್ಬದಲ್ಲಿ ನನ್ನ ತಮ್ಮ ಅದರಲ್ಲಿ ಒಂದು ಭಾವಗೀತೆಯ ಧಾಟಿಯನ್ನು ನಿಧಾನವಾಗಿ, ತಂತಿಯನ್ನು ಎಳೆದು ಎಳೆದು ನುಡಿಸಿದ. ಚೆನ್ನಾಗಿಯೇ ನುಡಿಸಿದ. ಮುಂದಿನ ಸಾಲಿನವರು ನಕ್ಕರು. ಕೈಯಲ್ಲಿ ಕೊಡಲಿ, ಬಾಯಲ್ಲಿ ಲಾಲಿ ಎಂಬಂತೆ ಅವರಿಗೆ ಕಂಡಿರಬೇಕು. ಆಲ್ಬರ್ಟ್ ಕಿಂಗ್ ಇದೇ ಆಕಾರದಲ್ಲಿ ಬ್ಲೂಸ್‌ನ ಅಳಲನ್ನು ತಂತಿ ಎಳೆದೇ ನುಡಿಸಿದ್ದ ಎಂಬುದು ಆ ಮುಂದಿನ ಸಾಲಿಗೆ ಗೊತ್ತಿಲ್ಲ, ಗೊತ್ತಿರಬೇಕೆಂದೂ ಇಲ್ಲ. ಪೂಜೆ ಹೊತ್ತವನು ಕುಣಿತ ಮುಗಿದ ಮೇಲೆ ಅದನ್ನು ಇಳಿಸಿ ಇಡುತ್ತಾನೆ, ಮರುದಿನ ಬೇರೆ ಹಾಡು ಹಾಡಬಹುದು. ಗಿಟಾರಿನಲ್ಲಿ ವೇಷ ಮತ್ತು ವಾದ್ಯ ಒಂದೇ ಹಲಗೆಯಲ್ಲಿ ಅಂಟಿಕೊಂಡಿವೆ, ವೇಷ ಬಿಚ್ಚಿಟ್ಟು ವಾದ್ಯವನ್ನಷ್ಟೇ ಉಳಿಸಿಕೊಳ್ಳಲು ಬರುವುದಿಲ್ಲ.

ಹಾಗೆಂದು ಅವನಿಗೆ ಅದನ್ನು ಮಾರು ಎಂದು ನಾನು ಹೇಳಿಲ್ಲ. ಸೈಕಲ್ ಟ್ಯೂಬು ಕತ್ತರಿಸಿ ಒಂದು ರೆಕ್ಕೆಯ ಅಂಚಿಗೆ ಅಂಟಿಸಿದ್ದಾನೆ. 1958ರ ರಬ್ಬರ್ ಪಟ್ಟಿಯ ವಿಷಯ ನಾನು ಹೇಳುವ ಮೊದಲೇ ಅವನಿಗದು ಹೊಳೆದಿತ್ತು. ಅಡುಗೆಮನೆಯ ಎತ್ತರದ ಮಣೆಯನ್ನು ಹಜಾರಕ್ಕೆ ತಂದು ಅದರ ಮೇಲೆ ಕೂತು, ರೆಕ್ಕೆಯನ್ನು ಕಾಲುಗಳ ನಡುವೆ ಇಳಿಬಿಟ್ಟು ಈಗ ನಲವತ್ತು ನಿಮಿಷ ನುಡಿಸುತ್ತಾನೆ. ಮುಂದಿನ ಹಬ್ಬಕ್ಕೂ ಅದೇ ಭಾವಗೀತೆಯಂತೆ.