ಕಡಲು ಕಾಣದ ಕಡಲ ಪ್ರವಾಸ

ಕ್ರೂಸಿಗೆ ಹೋಗಿ ಬಂದ ನಮ್ಮ ಕಡೆಯವರು ಹೇಳುವ ಕತೆ ಸಾಮಾನ್ಯವಾಗಿ ಊಟದ ಮನೆಯಲ್ಲಿ ಆರಂಭವಾಗಿ ಅಲ್ಲಿಯೇ ಮುಗಿಯುತ್ತದೆ. ಎಷ್ಟು ಬಗೆಯ ಪಲ್ಯ, ಎಷ್ಟು ಬಗೆಯ ಸಿಹಿ, ನಡುರಾತ್ರಿಯಲ್ಲಿಯೂ ಕೇಳಿದುದು ಹೇಗೆ ಕೈಗೆ ಬರುತ್ತದೆ, ಇವೆಲ್ಲ ಆದ ಮೇಲೆ ‘ಕಡಲು ಹೇಗಿತ್ತು?’ ಎಂದು ಕೇಳಿದರೆ, ‘ಕಡಲು ಇತ್ತು ಮಾರಾಯ್ರೆ, ಸುತ್ತಲೂ ಇತ್ತು’ ಎಂಬ ಉತ್ತರ ಬರುತ್ತದೆ. ಪುತ್ತೂರು, ಸುಳ್ಯ, ಕಡಬಗಳಲ್ಲಿ ಈಗ ಮದುವೆಯ ಚಪ್ಪರಗಳಲ್ಲಿಯೂ ಈ ಮಾತು ಕೇಳಿಬರುತ್ತಿದೆ. ನಮ್ಮ ಕುಮಾರಧಾರೆ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡಿ ಮಂಗಳೂರಿನಲ್ಲಿ ಸಮುದ್ರ ಸೇರುತ್ತದೆ. ಊರಿನ ನೀರು ಅನಾದಿಯಿಂದ ಹೋದ ದಾರಿಯಲ್ಲಿ ಊರಿನ ಜನ ಈಗ ಹೋಗತೊಡಗಿದ್ದಾರೆ. ಸಂತೋಷವೇ. ಆದರೆ ಅವರು ಹೊತ್ತು ತರುವ ಕತೆಯಲ್ಲಿ ಉಪ್ಪಿಲ್ಲ.

ಈ ಸಲದ ರಜೆಯಲ್ಲಿ ನಾನೂ ಮನೆಯವರೂ ಮುಂಬಯಿಯಿಂದ ಗೋವೆಗೆ ಹೋಗಿ ಬರುವ ಅಂಥ ಒಂದು ನೌಕೆಯನ್ನು ಹತ್ತಿದೆವು. ಮೇಷ್ಟರ ಚೀಲದಲ್ಲಿ ಪುಸ್ತಕವಿಲ್ಲದಿರುವುದುಂಟೆ? ಗೋಕಾಕರ ‘ಸಮುದ್ರ ಗೀತೆಗಳು’ ಇತ್ತು. ‘ಇಲ್ಲಿಗೂ ಪಾಠವೇ?’ ಎಂದು ಮನೆಯವರು ಕೇಳಿದರು. ಪಾಠವಲ್ಲ, ಪರೀಕ್ಷೆ ಎಂದೆ. ಪುಸ್ತಕವನ್ನು ಕಡಲಿನ ಮುಂದೆ ಹಿಡಿದು ನೋಡುವ ಆಸೆ.

ಪರೀಕ್ಷೆಗೆ ಕುಳಿತದ್ದು ಪುಸ್ತಕವಲ್ಲ, ನೌಕೆ. ಅಲ್ಲಿ ಮೊದಲು ನನ್ನ ಗಮನಕ್ಕೆ ಬಂದುದು ಕಡಲಿಗೆ ಕಟ್ಟಿದ ಬೆಲೆ. ಹಡಗಿನ ನಡುವಿನ, ಕಿಟಕಿಯಿಲ್ಲದ ಕೋಣೆಗೆ ಬಾಡಿಗೆ ಕಡಮೆ, ಕಿಟಕಿಯಿದ್ದರೆ ಹೆಚ್ಚು, ಹೊರಗೆ ನಿಲ್ಲಲು ಜಗಲಿಯಿದ್ದರೆ ಇನ್ನೂ ಹೆಚ್ಚು. ಹಣ ಕೊಟ್ಟಷ್ಟು ಸಮುದ್ರ. ಹಾಗೆ ಕೊಂಡ ಸಮುದ್ರವಾದರೂ ಮೈಗೆ ತಾಗುವುದೆ? ಹಡಗಿನ ಎರಡು ಬದಿಗಳಲ್ಲಿ ನೀರೊಳಗೆ ಮೀನಿನ ಈಜುರೆಕ್ಕೆಯಂಥ ಸಾಧನಗಳಿದ್ದು, ಅವು ಅಲೆಯ ಹೊಯ್ದಾಟವನ್ನು ಬಹುಮಟ್ಟಿಗೆ ತಡೆಯುತ್ತವೆ. ಒಳಗೆ ಅಂಗಡಿ, ನಾಟಕಶಾಲೆ, ಈಜುಕೊಳ. ಕಡಲಿನ ಮೇಲೆ ಈಜುಕೊಳ ಕಟ್ಟಿ ಅದರಲ್ಲಿ ಈಜುವ ಪ್ರಾಣಿ ಮನುಷ್ಯನೊಬ್ಬನೇ ಇರಬೇಕು! ಹಡಗು ಎಲ್ಲಿಗೂ ಹೋಗಬೇಕಾಗಿಲ್ಲ. ಹೊರಟಲ್ಲಿಗೇ ಬರುವುದು ಅದರ ಗುರಿ.

ಇಂಥ ಪ್ರಯಾಣದಿಂದ ಸಾಹಿತ್ಯ ಹುಟ್ಟಬಲ್ಲುದೇ ಎಂಬುದು ನನ್ನ ಪ್ರಶ್ನೆ.

ನಮ್ಮ ಕಾವ್ಯಕ್ಕೆ ಸಮುದ್ರ ಹೊಸದಲ್ಲ. ಮಹಾಕಾವ್ಯದ ಹದಿನೆಂಟು ವರ್ಣನೆಗಳಲ್ಲಿ ಅದೂ ಒಂದು; ಕಡಲನ್ನು ಕಂಡಿರಲಿ ಬಿಡಲಿ, ಕವಿಯಾದವನು ವರ್ಣಿಸಲೇಬೇಕು. ಕಾಣದೆ ಕಟ್ಟಿದ ಕಡಲು ಕೀಳೆಂದು ನಾನು ಹೇಳಲಾರೆ. ನಮ್ಮ ಊರುಗಳಲ್ಲಿ ಕೊಯ್ಲು ಮುಗಿದ ಗದ್ದೆಯಲ್ಲಿ ‘ಸಮುದ್ರ ಮಥನ’ದ ಆಟ ನಡೆದಾಗ, ‘ಸೇತುಬಂಧ’ದ ತಾಳಮದ್ದಳೆಯಲ್ಲಿ ಅರ್ಥಧಾರಿ ಸೊಲ್ಲೆತ್ತಿದಾಗ, ಹನಿ ನೀರಿಲ್ಲದೆ ಚೆಂಡೆಯಿಂದಲೂ ಮಾತಿನಿಂದಲೂ ಎದ್ದ ಅಲೆಗಳನ್ನು ನಾವು ಕಂಡಿದ್ದೇವೆ. ನೌಕೆಯ ಜಗಲಿಯಿಂದ ಕಂಡ ಅಲೆಗಿಂತ ಅವು ದೊಡ್ಡವು.

ಕಂಡು ಬರೆದವರಲ್ಲಿ ಕಾರಂತರ ‘ಮರಳಿ ಮಣ್ಣಿಗೆ’ಯನ್ನು ಮೊದಲು ನೆನೆಯಬೇಕು. 1941ರ ಆ ಕಾದಂಬರಿಯ ಕೋಡಿ ಗ್ರಾಮ ಕಡಲಿಗೂ ಹಿನ್ನೀರಿಗೂ ನಡುವೆ ಬದುಕುತ್ತದೆ. ಅಲ್ಲಿ ಸಮುದ್ರ ನೋಟವಲ್ಲ, ನೆರೆಮನೆ. ಒಮ್ಮೆ ಸ್ನೇಹ, ಒಮ್ಮೆ ಜಗಳ. ಬಹುಕಾಲ ನಮ್ಮ ಪುತ್ತೂರಿನಲ್ಲಿ ಗುಡ್ಡಗಳ ನಡುವೆ ನೆಲೆಸಿದ್ದ ಲೇಖಕ, ಹುಟ್ಟೂರಾದ ಕೋಟದ ಕಡಲನ್ನು ಕಿವಿಯಲ್ಲಿ ಉಳಿಸಿಕೊಂಡಿದ್ದರು. ಗೋಕಾಕರದು ಬೇರೆಯೇ ದಾರಿ. ಅವರು 1936ರಲ್ಲಿ ಆಕ್ಸ್‌ಫರ್ಡಿಗೆ ಹೋಗಿ 1938ರಲ್ಲಿ ಮರಳಿದರು. ‘ಸಮುದ್ರ ಗೀತೆಗಳು’ 1940ರಲ್ಲಿ ಬಂದಿತು. ಸಮುದ್ರದ ಏರಿಳಿತಕ್ಕೆ ಹಳೆಯ ಮಟ್ಟು ಸಾಲದೆಂದು ಅವರು ಮುಕ್ತ ಛಂದಸ್ಸಿಗೆ ಕೈಹಾಕಿದರು. ಎಲ್ಲ ಗೀತೆಗಳೂ ಸಮನಾಗಿ ಗೆದ್ದಿವೆಯೆನ್ನಲಾರೆ. ಕೆಲವೆಡೆ ಉದ್ಗಾರ ಹೆಚ್ಚಾಗಿ ನೀರು ಕಡಮೆಯಾಗಿದೆ. ಆದರೂ ಕಡಲಿನ ಮೇಲೆ ದಿನಗಟ್ಟಲೆ ಕಳೆದವನ ಉಸಿರು ಆ ಸಾಲುಗಳಲ್ಲಿದೆ. ಪ್ರಯಾಣ ಛಂದಸ್ಸನ್ನೇ ಬದಲಿಸಿತು ಎಂದರೆ ಅದೇನು ಸಣ್ಣ ಮಾತೆ?

ಅನಂತರ ವಿಮಾನ ಬಂದಿತು. ಮೂರ್ತಿರಾಯರ ‘ಅಪರವಯಸ್ಕನ ಅಮೆರಿಕಾ ಯಾತ್ರೆ’, 1980ರಲ್ಲಿ ಅಕಾಡೆಮಿ ಬಹುಮಾನ ಪಡೆದ ‘ಅಮೆರಿಕದಲ್ಲಿ ಗೊರೂರು’ ಇವು ನಮ್ಮ ಭಾಗ್ಯದ ಪುಸ್ತಕಗಳು. ಆದರೆ ಅವುಗಳಲ್ಲಿ ಸ್ವಾರಸ್ಯವಿರುವುದು ತಲಪಿದ ನಾಡಿನಲ್ಲಿ, ದಾರಿಯಲ್ಲಲ್ಲ. ಕಡಲು ನಮ್ಮ ಪ್ರವಾಸ ಸಾಹಿತ್ಯದಿಂದ ಸದ್ದಿಲ್ಲದೆ ಇಳಿದುಹೋಯಿತು.

ಹಿಂದೆ ಕಡಲು ದಾಟುವುದೆಂದರೆ ಪಣವೊಡ್ಡುವುದಾಗಿತ್ತು. 1888ರಲ್ಲಿ ಲಂಡನ್ನಿಗೆ ಹೊರಟ ಗಾಂಧಿಯವರನ್ನು ಮುಂಬಯಿಯ ಜಾತಿಪಂಚಾಯಿತಿ ಹೊರಗೆ ಹಾಕಿತು. ನಮ್ಮ ಉಡುಪಿಯಲ್ಲಿಯೂ 2008ರ ಪರ್ಯಾಯದ ವೇಳೆಗೆ ಪುತ್ತಿಗೆ ಶ್ರೀಗಳ ವಿದೇಶಯಾತ್ರೆ ದೊಡ್ಡ ಚರ್ಚೆಗೆ ಕಾರಣವಾಗಿತ್ತು. ಆ ನಿಷೇಧ ಇರಬೇಕಿತ್ತೆಂದು ನನ್ನ ವಾದವಲ್ಲ. ಆದರೆ ಏನನ್ನೋ ಬಿಟ್ಟು ಹೋದವನ ಕಣ್ಣಿಗೂ, ಟಿಕೇಟಿನ ಹಣವೊಂದನ್ನು ಬಿಟ್ಟು ಬೇರೇನನ್ನೂ ಕಳೆದುಕೊಳ್ಳದವನ ಕಣ್ಣಿಗೂ ವ್ಯತ್ಯಾಸವಿದ್ದೇ ಇದೆ.

ಹಾಗಾದರೆ ವಿಹಾರಯಾತ್ರೆಗೆ ಸಾಹಿತ್ಯವೇ ಇಲ್ಲವೆ? ಇದೆ, ಅದರ ರಸ ಮಾತ್ರ ಹಾಸ್ಯ. ಮಾರ್ಕ್ ಟ್ವೇನ್ 1867ರಲ್ಲಿ ‘ಕ್ವೇಕರ್ ಸಿಟಿ’ ಎಂಬ ಹಡಗಿನಲ್ಲಿ ಸಂತೋಷಯಾತ್ರೆಗೆಂದು ನ್ಯೂಯಾರ್ಕಿನಿಂದ ಹೊರಟು ಮೆಡಿಟರೇನಿಯನ್ ಸಮುದ್ರದ ಊರುಗಳನ್ನು ಸುತ್ತಿ ಬಂದ. 1869ರಲ್ಲಿ ಹೊರಬಂದ ‘ದಿ ಇನ್ನೊಸೆಂಟ್ಸ್ ಅಬ್ರಾಡ್’ನಲ್ಲಿ ನೋಡಿದ ಊರಿಗಿಂತ ನೋಡಹೊರಟ ಸಹಯಾತ್ರಿಕರೇ ಚೆನ್ನಾಗಿ ಮೂಡಿದ್ದಾರೆ. 1996ರಲ್ಲಿ ಡೇವಿಡ್ ಫಾಸ್ಟರ್ ವಾಲೇಸ್ ಎಂಬ ಇನ್ನೊಬ್ಬ ಅಮೆರಿಕನ್ ಲೇಖಕ ಕೆರಿಬಿಯನ್ ವಿಹಾರವೊಂದನ್ನು ಕುರಿತು ದೀರ್ಘ ಪ್ರಬಂಧ ಬರೆದ. ಮಿತಿಯಿಲ್ಲದ ಉಪಚಾರದ ಅಡಿಯಲ್ಲಿ ಮನುಷ್ಯನಿಗೆ ಎಂಥ ಖಿನ್ನತೆ ಕವಿಯುತ್ತದೆಂಬುದನ್ನು ಅವನಂತೆ ಬಿಡಿಸಿದವರು ವಿರಳ. ಇಬ್ಬರೂ ನಗುತ್ತಾರೆ, ಇಬ್ಬರೂ ನಗುವುದು ಉಪಚಾರ ಪಡೆಯುವವನ ಕುರ್ಚಿಯಲ್ಲಿ ಕುಳಿತು. ಉಪಚಾರ ಮಾಡುವವನ ಕಡೆಯಿಂದ ಬರೆದ ಪುಸ್ತಕ ಎಲ್ಲಿ?

ಕನ್ನಡದಲ್ಲಂತೂ ಅದು ಬರಬೇಕು, ಮತ್ತು ಬರಬೇಕಾದುದು ನಮ್ಮ ಜಿಲ್ಲೆಯಿಂದಲೇ. ಹೋಟೆಲ್ ಮ್ಯಾನೇಜ್‌ಮೆಂಟ್ ಓದಿ ಪರದೇಶದ ನೌಕೆಗಳಲ್ಲಿ ಅಡಿಗೆಗೂ ಬಡಿಸಲಿಕ್ಕೂ ಸೇರಿದ ಹುಡುಗರು ಇಲ್ಲಿ ಎಷ್ಟಿಲ್ಲ! ನಮಗೆ ಬಡಿಸುತ್ತಿದ್ದ ತರುಣ ನಮ್ಮ ಮಾತು ಕೇಳಿ, ‘ಈರೆನ ಊರು ಓಲು?’ ಎಂದು ತುಳುವಿನಲ್ಲಿ ವಿಚಾರಿಸಿದ. ಕಡಬದ ಹತ್ತಿರದವನು. ಅವನ ಕೋಣೆ ನೀರಿನ ಮಟ್ಟಕ್ಕಿಂತ ಕೆಳಗೆ. ‘ನಮಗೆ ಕಡಲು ಕಾಣುವುದು ಊರಿಗೆ ಹೊರಡುವ ದಿನ, ಸಾರ್’ ಎಂದ. 2020ರಲ್ಲಿ ಕೊರೊನಾದಿಂದ ಬಂದರುಗಳು ಮುಚ್ಚಿ, ಜಗತ್ತಿನ ಸಾವಿರಾರು ನೌಕರರು ಪ್ರಯಾಣಿಕರಿಲ್ಲದ ಹಡಗುಗಳಲ್ಲಿ ಸಿಕ್ಕಿಕೊಂಡಿದ್ದಾಗ ಇವನೂ ಪರದೇಶದ ನೀರಿನಲ್ಲಿದ್ದ. ಆಗ ಫೋನಿನಲ್ಲಿ ಕನ್ನಡದಲ್ಲಿಯೇ ಏನೋ ಬರೆದಿಟ್ಟಿದ್ದ. ಕೇಳಿದ್ದಕ್ಕೆ ನಾಚಿಕೊಂಡು ತೋರಿಸಿದ.

ವಿಮರ್ಶಕನಾಗಿ ಹೇಳುವುದಾದರೆ, ಅದರಲ್ಲಿ ವರ್ಣನೆಯೇ ಇಲ್ಲ. ಇಂಥ ದಿನ ಇಂಥ ಬಂದರಿನ ದೀಪ ಕಂಡಿತು, ಇಳಿಯಲು ಬಿಡಲಿಲ್ಲ. ಪ್ರಯಾಣಿಕರ ಕೋಣೆಯೊಂದರಲ್ಲಿ ಮಲಗಲು ಒಪ್ಪಿಗೆ ಸಿಕ್ಕಿತು, ಕಿಟಕಿಯಿತ್ತು, ನಿದ್ದೆ ಬರಲಿಲ್ಲ. ಅಮ್ಮ ಫೋನಿನಲ್ಲಿ ಅಡಕೆ ಸುಲಿಯುವ ಸದ್ದು ಕೇಳಿಸಿದಳು. ಹೀಗೆ ನಾಲ್ಕು ಪುಟ. ಒಂದು ವಿಶೇಷಣವೂ ಇಲ್ಲದ ಆ ಗದ್ಯದಲ್ಲಿ ನಾನು ಆ ಎರಡು ದಿನಗಳಲ್ಲಿ ಮೊದಲ ಬಾರಿಗೆ ಕಡಲನ್ನು ಕಂಡೆ. ಮುಂದೆ ಬರೆಯಬೇಕೆಂದು ಹೇಳಿದೆ. ಹೊತ್ತಿಲ್ಲ ಎಂದ, ಮತ್ತೆ, ಕಾಗುಣಿತ ತಿದ್ದಿಕೊಡಬಹುದೇ ಎಂದು ಕೇಳಿದ. ಮೂರು ಕಡೆ ಮಹಾಪ್ರಾಣ ತಪ್ಪಿತ್ತು. ಅಷ್ಟನ್ನು ತಿದ್ದಿ, ಉಳಿದುದನ್ನು ಮುಟ್ಟದೆ ಫೋನನ್ನು ಹಿಂತಿರುಗಿಸಿದೆ.